ಕನ್ನಡ ಅಕ್ಷರದ ಡೊಮೈನ್: ಸೈಟಿಗೆ ಖಂಡಿತ ತಗೊಳ್ಳಿ, ಇಮೇಲಿಗೆ ಇನ್ನೂ ಬೇಡ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲಿಷ್ ಅಲ್ಲದ ಅಕ್ಷರದಲ್ಲಿ ಡೊಮೈನ್ ಹೆಸರು, ಅಂದರೆ ಸೈಟಿನ ವಿಳಾಸದ ಹೆಸರು, ತಗೊಳ್ಳಬಹುದಾ ಅಂತ ಕೇಳಿದರೆ ಧೈರ್ಯವಾಗಿ ತಗೊಳ್ಳಿ. ವೆಬ್‌ಸೈಟಿನ ಮಟ್ಟಿಗೆ ಅದು ಗಟ್ಟಿಯಾಗಿ ಕೆಲಸ ಮಾಡುತ್ತದೆ. ಇಮೇಲ್ ವಿಳಾಸವನ್ನು ಮಾತ್ರ ಅದರ ಮೇಲೆ ನಿಲ್ಲಿಸಬೇಡಿ. ಇವೆರಡರ ನಡುವೆ ಒಂದಷ್ಟು ಕಿರಿಕಿರಿಗಳಿವೆ, ಮಾರುವವರು ಅದನ್ನೆಲ್ಲ ಹೇಳುವುದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನದು ಲೇಖನಗಳ ಸಣ್ಣ ಸೈಟ್. ಅದಕ್ಕೆ ಕನ್ನಡ ಲಿಪಿಯಲ್ಲಿ ಒಂದು ಹೆಸರು, ಇಂಗ್ಲಿಷ್ ಅಕ್ಷರದಲ್ಲಿ ಒಂದು ಹೆಸರು ಇದೆ. ಎರಡನ್ನೂ ದಿನಾ ಬಳಸುತ್ತೇನೆ, ಹಾಗಾಗಿ ಹೋಲಿಸಿ ಹೇಳುವುದು ಸುಲಭ.

ಯಾಕೆ ಬೇಕು ಅನ್ನುವುದು ಒಂದು ಸಲ ಫೋನಿನಲ್ಲಿ ವಿಳಾಸ ಹೇಳಿದವರಿಗೆಲ್ಲ ಗೊತ್ತು. ಕಲೆ, ಕಳೆ ಎರಡನ್ನೂ ಇಂಗ್ಲಿಷಿನಲ್ಲಿ ಬರೆದರೆ ಒಂದೇ. ಹಳ್ಳಿ, ಹಲ್ಲಿ ಕೂಡ ಅಷ್ಟೇ. ದೀರ್ಘ ಬಂದ ಕಡೆ ಒಬ್ಬರು ಎರಡು ಎ ಹಾಕುತ್ತಾರೆ, ಇನ್ನೊಬ್ಬರು ಒಂದೇ ಹಾಕುತ್ತಾರೆ, ಮಹಾಪ್ರಾಣಕ್ಕೆ ಎಚ್ ಸೇರಿಸುವವರೂ ಇದ್ದಾರೆ ಬಿಡುವವರೂ ಇದ್ದಾರೆ, ಕೊನೆಗೆ ನಿಮ್ಮ ಹೆಸರನ್ನು ನೀವೇ ಒಂದೊಂದು ಅಕ್ಷರ ಬಿಡಿಸಿ ಹೇಳಬೇಕಾಗುತ್ತದೆ. ಹೆಸರು ಕನ್ನಡದಲ್ಲೇ ಇದ್ದರೆ ಕೇಳಿದ್ದನ್ನು ಕೇಳಿದ ಹಾಗೆ ಬರೆದರೆ ಸಾಕು. ಇದರ ಬೆಲೆ ಜಾಸ್ತಿ, ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ.

ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ. ಸೈಟಿನ ಹೆಸರು ಕೊಟ್ಟರೆ ಅದು ಯಾವ ಕಂಪ್ಯೂಟರಿನಲ್ಲಿದೆ ಅಂತ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆ ರೂಪುಗೊಂಡಿದ್ದು 1983ರಲ್ಲಿ. ಸೈಟಿನ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಇಷ್ಟೇ ಇರಬೇಕು ಅನ್ನುವ ಪದ್ಧತಿ ಆಗಿನಿಂದಲೂ ಇದೆ, ಈಗಲೂ ಬದಲಾಗಿಲ್ಲ. ಅದನ್ನು ಮುಟ್ಟದೆ ಬೇರೆ ಲಿಪಿಗಳನ್ನು ತರಲು 2003ರಲ್ಲಿ ಪ್ಯೂನಿಕೋಡ್ ಅನ್ನುವ ವಿಧಾನ ಬಂತು. ನೀವು ಕನ್ನಡದಲ್ಲಿ ಟೈಪ್ ಮಾಡಿದ್ದನ್ನು ಬ್ರೌಸರ್ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಸಾಲಾಗಿ ಬದಲಾಯಿಸುತ್ತದೆ, ಅದರ ಮೊದಲಿಗೆ 'ಎಕ್ಸ್‌ಎನ್' ಮತ್ತು ಎರಡು ಅಡ್ಡಗೆರೆ ಸೇರಿಸುತ್ತದೆ, ಆಮೇಲೆ ಡಿಎನ್‌ಎಸ್‌ಗೆ ಕೇಳುತ್ತದೆ. ಉದಾಹರಣೆಗೆ ವಿಳಾಸದಲ್ಲಿ ಡಾಟ್ ಕಾಂ ಜಾಗಕ್ಕೆ ಬರುವ '.ಭಾರತ' ಅನ್ನುವ ಕನ್ನಡ ಕೊನೆಯನ್ನೇ ನೋಡಿ. ಓದುವವರಿಗೆ ಮೂರು ಅಕ್ಷರ. ಎಲ್ಲ ಲಿಪಿಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದು ನಾಲ್ಕು, ಯಾಕಂದರೆ ಭಕಾರದ ದೀರ್ಘ ಬೇರೆ ಎಣಿಕೆ. ಡಿಎನ್‌ಎಸ್‌ನಲ್ಲಿ 'ಎಕ್ಸ್‌ಎನ್--2ಎಸ್‌ಸಿಆರ್‌ಜೆ9ಸಿ', ಅಂದರೆ ಒಟ್ಟು 11. ದುಡ್ಡು ಕೊಟ್ಟು ನೀವು ನೋಂದಾಯಿಸುವುದು ಆ ಎಕ್ಸ್‌ಎನ್ ಸಾಲನ್ನೇ. ಕನ್ನಡ ಕಾಣಿಸುವುದು ನೋಡುವವರ ಪರದೆಯ ಮೇಲೆ ಮಾತ್ರ. ಹಾಗಾಗಿ ವೇಗದಲ್ಲಿ, ಹೋಸ್ಟಿಂಗ್‌ನಲ್ಲಿ (ಅಂದರೆ ಸೈಟನ್ನು ಸರ್ವರಿನಲ್ಲಿ ಇಡುವುದರಲ್ಲಿ) ಯಾವ ವ್ಯತ್ಯಾಸವೂ ಇಲ್ಲ. ತೊಂದರೆ ಬರುವುದೆಲ್ಲ ಈ ಬದಲಾವಣೆಯನ್ನು ಮಾಡಲು ಬಾರದ ಅಥವಾ ಮಾಡಲು ಮರೆತ ಸಾಫ್ಟ್‌ವೇರ್‌ಗಳಿಂದ.

ಆ ತೊಂದರೆಯ ಮೊದಲ ರುಚಿ ಕೊಳ್ಳುವಾಗಲೇ ಸಿಗುತ್ತದೆ. ನನಗೆ ಹೆಸರು ಮಾರಿದ ಕಂಪನಿಯ ಹುಡುಕು ಪೆಟ್ಟಿಗೆ ಕನ್ನಡವನ್ನು ಒಪ್ಪಿತು, ಹೆಸರು ಖಾಲಿ ಇದೆ ಅಂತಲೂ ತೋರಿಸಿತು, ಆದರೆ ರಸೀದಿಯಿಂದ ಹಿಡಿದು ನವೀಕರಣದ ನೆನಪೋಲೆವರೆಗೆ ಎಲ್ಲ ಕಡೆ ಬಂದಿದ್ದು ಎಕ್ಸ್‌ಎನ್ ರೂಪ ಮಾತ್ರ. ನಿಮ್ಮ ಹತ್ತಿರ ಇಂಥ ಎರಡು ಮೂರು ಹೆಸರಿದ್ದರೆ ಯಾವುದು ಯಾವುದು ಅಂತ ಪತ್ತೆಯಾಗುವುದಿಲ್ಲ. ಕೊಂಡ ದಿನವೇ ಕನ್ನಡ ರೂಪ, ಎಕ್ಸ್‌ಎನ್ ರೂಪ ಎರಡನ್ನೂ ಅಕ್ಕಪಕ್ಕ ಒಂದು ಕಡತದಲ್ಲಿ ಬರೆದಿಡಿ. ಇದು ಮುಂದೆ ಹತ್ತಾರು ಸಲ ಬೇಕಾಗುತ್ತದೆ. ಡಿಎನ್‌ಎಸ್ ದಾಖಲೆ ಸೇರಿಸುವ ಕಂಟ್ರೋಲ್ ಪ್ಯಾನೆಲ್, ಸರ್ವರ್ ಸೆಟ್ಟಿಂಗು, ಅಂಕಿಅಂಶದ ಸೇವೆ, ಇವುಗಳಲ್ಲಿ ಬಹಳಷ್ಟು ಕನ್ನಡ ಹಾಕಿದರೆ 'ತಪ್ಪು ಹೆಸರು' ಅನ್ನುತ್ತವೆ, ಎಕ್ಸ್‌ಎನ್ ಹಾಕಿದರೆ ಸುಮ್ನೆ ಒಪ್ಪಿಕೊಳ್ಳುತ್ತವೆ. ಇನ್ನೊಂದು, ಡಾಟ್ ಕಾಂ ಕೊನೆಯಲ್ಲಿ ಇಂಥ ಹೆಸರು ತಗೊಳ್ಳುವಾಗ ಇದು ಯಾವ ಭಾಷೆ ಅಂತ ಒಂದು ಸಂಕೇತ ಕೊಡಬೇಕು. ಪಟ್ಟಿಯಲ್ಲಿ ಮೇಲೆ ಇರುವ ಯಾವುದನ್ನೋ ಒತ್ತಿ ಮುಂದೆ ಹೋಗಬೇಡಿ. ಯಾವ ಅಕ್ಷರಗಳನ್ನು ಒಪ್ಪಬೇಕು ಅನ್ನುವುದು ಅದನ್ನೇ ನೋಡಿ ತೀರ್ಮಾನವಾಗುತ್ತದೆ.

ಈಗ ಹೆಸರಿನ ಆಯ್ಕೆ. ಇದರ ಬಗ್ಗೆ ಎಲ್ಲಿಯೂ ಸರಿಯಾಗಿ ಬರೆದಿಲ್ಲ, ಆದರೆ ಅತಿ ಮುಖ್ಯವಾದ ವಿಷಯ ಇದೇ. ಕನ್ನಡದಲ್ಲಿ ಬರೆಯಲು ಬರುವ ಎಲ್ಲ ಪದವೂ ಡೊಮೈನ್ ಆಗುವುದಿಲ್ಲ. 'ಸಾಫ್ಟ್‌ವೇರ್' ಅಂತ ಬರೆಯುವಾಗ ಟಕಾರದ ಅರ್ಧಾಕ್ಷರ ಬಿಡಿಯಾಗಿ ನಿಲ್ಲಬೇಕು, ವಕಾರ ಅದಕ್ಕೆ ಒತ್ತಾಗಬಾರದು. ಅದಕ್ಕಾಗಿ ನಮ್ಮ ಕೀಲಿಮಣೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸುತ್ತದೆ. ಡೊಮೈನಿನಲ್ಲಿ ಆ ಕಾಣದ ಸಂಕೇತಕ್ಕೆ ಬಹಳ ಕಡೆ ಜಾಗವಿಲ್ಲ. 2003ರ ನಿಯಮದಲ್ಲಿ ಅದನ್ನು ಕಿತ್ತು ಬಿಸಾಕುತ್ತಿದ್ದರು. ಈಗ ಚಾಲ್ತಿಯಲ್ಲಿರುವ ಐಡಿಎನ್‌ಎ 2008 ಅನ್ನುವ ನಿಯಮ ಕೆಲವು ಕಡೆ ಬಿಡುತ್ತದೆ, ಆದರೂ ಹೆಸರು ಕೊಡುವ ಸಂಸ್ಥೆಗಳು ತಮ್ಮ ಮಟ್ಟದಲ್ಲಿ ಅದನ್ನು ತಡೆಯಬಹುದು. ತೆಗೆದುಬಿಟ್ಟರೆ ನಿಮ್ಮ ಹೆಸರು 'ಸಾಫ್ಟ್ವೇರ್' ಆಗುತ್ತದೆ, ಓದಲು ಬರುತ್ತದೆ, ನೋಡಲು ಚೆನ್ನಾಗಿಲ್ಲ. 'ರ‍್ಯಾಂಕ್' ಇನ್ನೂ ಕಷ್ಟ. ರಕಾರ ಪೂರ್ತಿ ನಿಂತು ಕೆಳಗೆ ಯ ಒತ್ತು ಬರಬೇಕಾದರೆ ಇಂಥದ್ದೇ ಇನ್ನೊಂದು ಕಾಣದ ಸಂಕೇತ ಬೇಕು, ಅದಿಲ್ಲದಿದ್ದರೆ ಅರ್ಕಾವೊತ್ತು ಬಂದು 'ರ್ಯಾಂಕ್' ಅಂತ ಕೂರುತ್ತದೆ. ಆದ್ದರಿಂದ ಹೊರಗಿನಿಂದ ಬಂದ, ಅರ್ಧಾಕ್ಷರ ಜಾಸ್ತಿ ಇರುವ ಹೆಸರು ಬೇಡ. ಗುಣಿತಾಕ್ಷರ, ಮಾಮೂಲಿ ಒತ್ತು ಮಾತ್ರ ಇರುವ ಹೆಸರು ಹುಡುಕಿ. ಹಳೆಯ ಕನ್ನಡ ಪದಗಳು ಇಲ್ಲಿ ನಿಜಕ್ಕೂ ಕೈ ಹಿಡಿಯುತ್ತವೆ.

ಹೆದರಬೇಕಿಲ್ಲದ ಸಂಗತಿಯೂ ಒಂದಿದೆ. 'ಕೊ' ಅನ್ನುವುದನ್ನು ಒಂದು ಕೀಲಿಮಣೆ ಒಂದು ರೀತಿ ಬರೆಯಬಹುದು, ಇನ್ನೊಂದು ಎರಡು ತುಂಡು ಮಾಡಿ ಬರೆಯಬಹುದು. ಬ್ರೌಸರ್ ಎರಡನ್ನೂ ಒಂದೇ ರೂಪಕ್ಕೆ ತಂದು ಆಮೇಲೆ ಕಳಿಸುತ್ತದೆ. ಓದುಗರು ಯಾವ ಕೀಲಿಮಣೆ ಬಳಸಿದರೂ ನಿಮ್ಮ ಸೈಟಿಗೇ ಬರುತ್ತಾರೆ. ಉದ್ದದ ಮಿತಿಯೂ ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಎಕ್ಸ್‌ಎನ್ ರೂಪ 63 ಅಕ್ಷರ ಮೀರಬಾರದು ಅಷ್ಟೇ. ಸಂಘ ಸಂಸ್ಥೆಗಳ ಮೈಲುದ್ದದ ಹೆಸರನ್ನು ಹಾಗೇ ಹಾಕಲು ಹೊರಟವರು ಮಾತ್ರ ಎಣಿಸಿ ನೋಡಬೇಕು.

ಒಂದೇ ಥರ ಕಾಣುವ ಅಕ್ಷರಗಳ ವಿಷಯ ಗಂಭೀರ. 2017ರಲ್ಲಿ ಒಬ್ಬ ಸಂಶೋಧಕ ಪೂರ್ತಿ ಸಿರಿಲಿಕ್ (ರಷ್ಯನ್ ಬರೆಯುವ ಲಿಪಿ) ಅಕ್ಷರಗಳಿಂದ 'ಆಪಲ್ ಡಾಟ್ ಕಾಂ' ಥರವೇ ಕಾಣುವ ಹೆಸರು ನೋಂದಾಯಿಸಿ ತೋರಿಸಿದ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಅದು ಅಸಲಿ ಹಾಗೇ ಕಂಡಿತು. ಆಮೇಲೆ ಕ್ರೋಮ್ ತನ್ನ ನಿಯಮ ಬಿಗಿ ಮಾಡಿತು. ಈಗ ಅನುಮಾನ ಬಂದರೆ ಬ್ರೌಸರ್‌ಗಳು ಚಂದದ ರೂಪ ಬಿಟ್ಟು ಎಕ್ಸ್‌ಎನ್ ರೂಪವನ್ನೇ ತೋರಿಸುತ್ತವೆ. ಅದು ಸರಿಯಾದ ಕ್ರಮ ಅಂತಲೇ ನಾನು ಹೇಳುತ್ತೇನೆ. ಅದಕ್ಕೇ ಕನ್ನಡ ಮತ್ತು ಇಂಗ್ಲಿಷ್ ಅಕ್ಷರ ಬೆರೆಸಿದ ಹೆಸರಿನ ಆಸೆ ಬಿಡಿ. ಸಿಕ್ಕರೂ ಬ್ರೌಸರಿನ ವಿಳಾಸದ ಪೆಟ್ಟಿಗೆಯಲ್ಲಿ ಕನ್ನಡ ಕಾಣಿಸುತ್ತದೆ ಅನ್ನುವ ಭರವಸೆ ಇಲ್ಲ. ನಮಗೆ ಹತ್ತಿರದ ಅಪಾಯ ಅಂದರೆ ತೆಲುಗು ಲಿಪಿ. ಗ, ಜ, ಬ, ರ, ಲ, ದ ಇವೆಲ್ಲ ಎರಡೂ ಲಿಪಿಯಲ್ಲಿ ಹೆಚ್ಚುಕಡಿಮೆ ಒಂದೇ. 'ಜಲ' ಅಂತ ಬರೆದರೆ ಅದು ಯಾವ ಲಿಪಿ ಅಂತ ಕಣ್ಣಿನಿಂದ ಹೇಳಲು ಕಷ್ಟ, ಕಂಪ್ಯೂಟರಿಗೆ ಅವೆರಡೂ ಪೂರ್ತಿ ಬೇರೆ. ಡೊಮೈನಿನ ಕೊನೆಯ ಭಾಗಕ್ಕೆ, ಜಗತ್ತಿನ ಡೊಮೈನ್ ಹೆಸರುಗಳ ಉಸ್ತುವಾರಿ ನೋಡುವ ಐಕಾನ್ ಸಂಸ್ಥೆ ಮಾಡಿರುವ ನಿಯಮಗಳು ಇಂಥ ಕನ್ನಡ-ತೆಲುಗು ಜೋಡಿಗಳನ್ನು ಗುರುತಿಸಿವೆ. ಮಧ್ಯದ ಭಾಗಕ್ಕೆ, ಅಂದರೆ ನೀವು ಕೊಳ್ಳುವ ಹೆಸರಿಗೆ, ಒಂದೊಂದು ಸಂಸ್ಥೆಯ ನಿಯಮ ಒಂದೊಂದು ಥರ. ಸೊನ್ನೆ ವಿಷಯದಲ್ಲೂ ಎಚ್ಚರ ಬೇಕು. ಕನ್ನಡದ ಅಂಕಿ ಸೊನ್ನೆ ಮತ್ತು ಅನುಸ್ವಾರ ಕಣ್ಣಿಗೆ ಒಂದೇ. ಹೆಸರಿನಲ್ಲಿ ಅಂಕಿ ಬೇಕೇ ಬೇಕಾದರೆ 1, 2, 3 ಅಂತಲೇ ಹಾಕಿ.

ದಿನನಿತ್ಯದ ಬಳಕೆ ಹೇಗಿದೆ? ಬ್ರೌಸರಿನಲ್ಲಿ ಟೈಪ್ ಮಾಡಿದರೆ ತೆರೆಯುತ್ತದೆ, ಮೊಬೈಲಿನಲ್ಲೂ ತೆರೆಯುತ್ತದೆ. ಕೊನೆ ಡಾಟ್ ಕಾಂ ಇದ್ದರೆ ಕನ್ನಡ ಬರೆದು, ಕೀಲಿಮಣೆ ಬದಲಿಸಿ, ಉಳಿದದ್ದು ಬರೆಯಬೇಕು. ಅದು ಬೇಸರದ ಕೆಲಸ. ಕೊನೆಯೂ ಅದೇ ಲಿಪಿಯಲ್ಲಿದ್ದರೆ ಒಂದೇ ಓಟದಲ್ಲಿ ಮುಗಿಯುತ್ತದೆ. ಅರಬ್ಬಿ, ಸಿರಿಲಿಕ್ ಲಿಪಿಗಳಲ್ಲಿ ದೇಶದ ಹೆಸರಿನ ಕೊನೆ ಬಂದಿದ್ದು 2010ರಲ್ಲಿ, ಆಮೇಲೆ ಉಳಿದವರದ್ದು ಒಂದೊಂದಾಗಿ ಸೇರಿತು. ಪೂರ್ತಿ ಒಂದೇ ಲಿಪಿಯ ವಿಳಾಸಕ್ಕೇ ನನ್ನ ಓಟು.

ಲಿಂಕ್ ಹಂಚುವಾಗ ಮಾತ್ರ ಬೇಜಾರಾಗುತ್ತದೆ. ಕೆಲವು ಬ್ರೌಸರಿನಲ್ಲಿ ವಿಳಾಸ ಕಾಪಿ ಮಾಡಿ ಅಂಟಿಸಿದರೆ ಎಕ್ಸ್‌ಎನ್ ರೂಪ ಬಂದು ಬೀಳುತ್ತದೆ, ನೋಡಿದವರು ಇದೇನೋ ವೈರಸ್ ಅಂತ ಒತ್ತುವುದೇ ಇಲ್ಲ. ಕೆಲವು ಮೆಸೇಜ್ ಆ್ಯಪ್‌ಗಳು ಕನ್ನಡ ವಿಳಾಸವನ್ನು ಲಿಂಕ್ ಅಂತ ಗುರುತಿಸುವುದಿಲ್ಲ. ಮುಂದೆ 'ಎಚ್‌ಟಿಟಿಪಿಎಸ್' ಪೂರ್ತಿ ಹಾಕಿದರೆ ಬಹಳ ಸಲ ಗುರುತಿಸುತ್ತವೆ, ಹಾಗಾಗಿ ನಾನು ಯಾವಾಗಲೂ ಪೂರ್ತಿ ಬರೆಯುತ್ತೇನೆ. ಡೊಮೈನ್ ಆದಮೇಲೆ ಬರುವ ಪುಟದ ಹೆಸರನ್ನೂ ಕನ್ನಡದಲ್ಲಿ ಇಟ್ಟರೆ ಇನ್ನೂ ಗೋಳು, ಯಾಕಂದರೆ ಅಲ್ಲಿ ಪ್ಯೂನಿಕೋಡ್ ಇಲ್ಲ. ಒಂದೊಂದು ಕನ್ನಡ ಸಂಕೇತವೂ ಶೇಕಡಾ ಚಿಹ್ನೆ ಸೇರಿ 9 ಅಕ್ಷರವಾಗುತ್ತದೆ. 'ಕನ್ನಡ' ಅನ್ನುವ ಒಂದೇ ಪದ 45 ಅಕ್ಷರ. ಡೊಮೈನ್ ಕನ್ನಡದಲ್ಲಿರಲಿ, ಪುಟದ ಹೆಸರು ಚಿಕ್ಕ ಅಂಕಿಯಲ್ಲಿರಲಿ. ಕ್ಯೂಆರ್ ಕೋಡ್ ಮಾಡಿಸುವಾಗ ಒಳಗೆ ಎಕ್ಸ್‌ಎನ್ ರೂಪ ಹಾಕಿಸಿ, ಪಕ್ಕದಲ್ಲಿ ಕನ್ನಡ ಅಚ್ಚು ಹಾಕಿಸಿ. ಸ್ಕ್ಯಾನ್ ಮಾಡುವ ಆ್ಯಪ್ ಯಾವುದಾದರೂ ತೊಂದರೆ ಆಗುವುದಿಲ್ಲ.

'ಎಚ್‌ಟಿಟಿಪಿಎಸ್' ನಡೆಯಲು ಸೈಟಿಗೆ ಬೇಕಾದ ಭದ್ರತೆಯ ಪ್ರಮಾಣಪತ್ರದ ಚಿಂತೆ ಬೇಡ. ಅದನ್ನು ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ 2016ರಿಂದಲೇ ಇಂಥ ಹೆಸರುಗಳಿಗೆ ಉಚಿತವಾಗಿ ಕೊಡುತ್ತಿದೆ. ಅದರೊಳಗೂ ಇರುವುದು ಎಕ್ಸ್‌ಎನ್ ರೂಪ.

ಇಮೇಲ್ ವಿಷಯಕ್ಕೆ ಬಂದರೆ, ನಿಯಮಗಳು 2012ರಲ್ಲೇ ಸಿದ್ಧವಾಗಿವೆ. ಜಿಮೇಲ್ 2014ರಿಂದ ಇಂಥ ವಿಳಾಸಗಳಿಗೆ ಪತ್ರ ಕಳಿಸುತ್ತದೆ, ಅಲ್ಲಿಂದ ಬಂದದ್ದನ್ನು ತಗೊಳ್ಳುತ್ತದೆ. ಆದರೆ ಆ್ಯಟ್ ಚಿಹ್ನೆಯ ಹಿಂದೆ ಮುಂದೆ ಎರಡೂ ಕಡೆ ಕನ್ನಡವಿದ್ದರೆ ಪತ್ರ ಹಾದುಹೋಗುವ ದಾರಿಯ ಪ್ರತಿ ಸರ್ವರೂ ಅದನ್ನು ಒಪ್ಪಬೇಕು. ಒಂದು ಒಪ್ಪದಿದ್ದರೂ ಪತ್ರ ವಾಪಸ್. ಅದಕ್ಕಿಂತ ದೊಡ್ಡ ತಲೆನೋವು ಫಾರ್ಮ್‌ಗಳದ್ದು. ಟಿಕೆಟ್ ಕಾಯ್ದಿರಿಸಲು, ಖಾತೆ ತೆರೆಯಲು, ಪರೀಕ್ಷೆಗೆ ಹೆಸರು ಕೊಡಲು ಹೋದರೆ 'ಸರಿಯಾದ ಇಮೇಲ್ ಹಾಕಿ' ಅಂತ ಕೆಂಪು ಸಾಲು. ವಿಳಾಸ ಸರಿಯಾಗೇ ಇರುತ್ತದೆ, ಫಾರ್ಮ್ ಬರೆದವರು ಇಂಗ್ಲಿಷ್ ಅಕ್ಷರ ಬಿಟ್ಟು ಬೇರೇನೂ ಇರಲಾರದು ಅಂದುಕೊಂಡಿರುತ್ತಾರೆ. ಇದು ನೋಡಿದರೆ ನನಗೆ ನಿಜವಾಗಿ ಕೋಪ ಬರುತ್ತದೆ, ಯಾಕಂದರೆ ಸರಿ ಮಾಡುವುದು ದೊಡ್ಡ ಕೆಲಸವಲ್ಲ. ಒಂದು ಅಡ್ಡದಾರಿ ಇದೆ: ಆ್ಯಟ್ ಚಿಹ್ನೆಗೆ ಮೊದಲು ಬರುವ ಭಾಗ ಇಂಗ್ಲಿಷಿನಲ್ಲಿಟ್ಟು, ಡೊಮೈನನ್ನು ಎಕ್ಸ್‌ಎನ್ ರೂಪದಲ್ಲಿ ಬರೆದರೆ ಹಳೆಯ ಸರ್ವರ್‌ಗಳೂ ಒಪ್ಪುತ್ತವೆ. ಆದರೆ ಆ ವಿಳಾಸವನ್ನು ಯಾರಿಗಾದರೂ ಬಾಯಲ್ಲಿ ಹೇಳಲು ಆಗುತ್ತದಾ? ಅದಕ್ಕೇ ನನ್ನ ಸಲಹೆ, ಇಮೇಲಿಗೆ ಇಂಗ್ಲಿಷ್ ಅಕ್ಷರದ ಇನ್ನೊಂದು ಡೊಮೈನ್ ಜೊತೆಗಿರಲಿ, ಸೈಟನ್ನು ಕನ್ನಡ ಹೆಸರಿನಲ್ಲೇ ನಡೆಸಿ, ಇಂಗ್ಲಿಷ್ ಹೆಸರಿಗೆ ಬಂದವರನ್ನು ಅಲ್ಲಿಗೇ ತಿರುಗಿಸಿ. ಡೊಮೈನ್ ಮಾರಿದ ಕಂಪನಿಯಲ್ಲಿರುವ ನಿಮ್ಮ ಖಾತೆಗೆ ಕೊಡುವ ಇಮೇಲ್ ಅಂತೂ ಯಾವ ಕಾರಣಕ್ಕೂ ಆ ಕನ್ನಡ ಡೊಮೈನಿನದ್ದೇ ಆಗಿರಬಾರದು, ಎಚ್ಚರಿಕೆಯ ಪತ್ರವೇ ತಲುಪದಿದ್ದರೆ ಹೆಸರು ಕೈ ತಪ್ಪುತ್ತದೆ.

ಯಾರಿಗೆ ಇದು ಬೇಡ? ವ್ಯವಹಾರ ಪೂರ್ತಿ ಇಮೇಲಿನಲ್ಲೇ ನಡೆಯುವವರಿಗೆ, ಬೇರೆ ಭಾಷೆಯ ಗಿರಾಕಿಗಳೇ ಜಾಸ್ತಿ ಇರುವವರಿಗೆ ಉಪಯೋಗ ಕಮ್ಮಿ. ಕನ್ನಡ ಓದುವವರಿಗಾಗಿಯೇ ಬರೆಯುವವರು, ಶಾಲೆ ನಡೆಸುವವರು, ಪುಸ್ತಕ ಮಾಡುವವರು, ರಂಗತಂಡದವರು ತಗೊಳ್ಳಲಿ. ಕಂಪನಿ ಬದಲಿಸುವ ಯೋಚನೆ ಇದ್ದರೆ ಹೊಸ ಕಂಪನಿ ಇಂಥ ಹೆಸರನ್ನು ವರ್ಗ ಮಾಡಿಕೊಳ್ಳುತ್ತದಾ ಅಂತ ಮೊದಲೇ ಬರೆದು ಕೇಳಿ, ಎಲ್ಲರೂ ಮಾಡಿಕೊಳ್ಳುವುದಿಲ್ಲ.

ಹಾಗೇ ನಿಮ್ಮ ವಿಳಾಸವನ್ನು ಒಪ್ಪದ ಫಾರ್ಮ್ ಸಿಕ್ಕರೆ ಸುಮ್ಮನೆ ಬಿಡಬೇಡಿ. ಎಲ್ಲ ಲಿಪಿಯ ವಿಳಾಸಗಳೂ ಎಲ್ಲ ಕಡೆ ನಡೆಯಬೇಕು ಅನ್ನುವ ಕೆಲಸಕ್ಕೆ 2015ರಿಂದ ಯೂನಿವರ್ಸಲ್ ಆಕ್ಸೆಪ್ಟೆನ್ಸ್ ಅನ್ನುವ ಹೆಸರಿನಲ್ಲಿ ಒಂದು ಗುಂಪು ದುಡಿಯುತ್ತಿದೆ, ಫಾರ್ಮ್ ಹೇಗೆ ಬರೆಯಬೇಕು ಅಂತ ಅವರ ಮಾರ್ಗದರ್ಶಿಗಳು ಪುಕ್ಕಟೆ ಸಿಗುತ್ತವೆ. ಪರದೆಯ ಚಿತ್ರ ತೆಗೆದು, ಯಾವ ವಿಳಾಸ ಹಾಕಿದಿರಿ, ಏನು ತಪ್ಪು ತೋರಿಸಿತು ಅಂತ ಎರಡು ಸಾಲು ಬರೆದು, ಆ ಮಾರ್ಗದರ್ಶಿಯನ್ನು ಜೊತೆಗೆ ಸೇರಿಸಿ ಸೈಟಿನವರಿಗೆ ಕಳಿಸಿ. ನಾನು ಕಳಿಸಿದವರಲ್ಲಿ ಒಬ್ಬರು ಸರಿ ಮಾಡಿದ್ದಾರೆ. ಉಳಿದವರಿಗೆ ಮತ್ತೆ ಬರೆಯುತ್ತಿದ್ದೇನೆ.