ಕ್ಷುದ್ರಗ್ರಹದ ಕಾವನ್ನು ಲೆಕ್ಕಹಾಕುವ ಮೂರು ವಿಧಾನಗಳು: ಒಂದು ಹೋಲಿಕೆ

ಬಿಸಿಲು ಕ್ಷುದ್ರಗ್ರಹವನ್ನು ಎಷ್ಟು ಕಾಯಿಸುತ್ತದೆ, ಆ ಕಾವು ಅದರ ಕಕ್ಷೆಯನ್ನು ಹೇಗೆ ಸರಿಸುತ್ತದೆ ಎಂಬುದನ್ನು ಚಿತ್ರದುರ್ಗದ ನಮ್ಮ ಕಾಲೇಜಿನಲ್ಲಿ ಪಾಠ ಮಾಡಲು, ಮೂರು ವಿಧಾನಗಳನ್ನು ಸ್ಪ್ರೆಡ್‌ಶೀಟಿನಲ್ಲಿ ಒಂದೇ ಕಾಯದ ಮೇಲೆ ಪ್ರಯೋಗಿಸಿದೆ. ಆಯ್ದುಕೊಂಡದ್ದು ಸುಮಾರು 490 ಮೀಟರ್ ವ್ಯಾಸದ, 4.3 ಗಂಟೆಗೊಮ್ಮೆ ತನ್ನ ಸುತ್ತ ತಿರುಗುವ, ಕಪ್ಪು ಮೈಯ ‘ಬೆನ್ನು’ ಕ್ಷುದ್ರಗ್ರಹವನ್ನು.

ಮೊದಲನೆಯ ವಿಧಾನವು, ಮೇಲ್ಮೈ ತಾನು ಹೀರಿದ ಶಾಖವನ್ನು ಆ ಕ್ಷಣವೇ ಹೊರಸೂಸುತ್ತದೆ ಎಂದು ಭಾವಿಸುತ್ತದೆ. ಸೂರ್ಯನಿಂದ ಭೂಮಿಯಷ್ಟೇ ದೂರದಲ್ಲಿ, ಸೂರ್ಯ ನೆತ್ತಿಯ ಮೇಲಿರುವ ಜಾಗಕ್ಕೆ ಸುಮಾರು 129 ಡಿಗ್ರಿ ಸೆಲ್ಸಿಯಸ್ ಬಂದಿತು; ಇರುಳಿನ ಬದಿಗೆ ಮಾತ್ರ ನಿರಪೇಕ್ಷ ಶೂನ್ಯ (ಸುಮಾರು −273 ಡಿಗ್ರಿ), ಅದನ್ನು ಒಪ್ಪಲಾಗದು. ಎರಡನೆಯದು, ಕಾಯವು ಅತಿವೇಗವಾಗಿ ತಿರುಗುವುದರಿಂದ ಹಗಲಿರುಳಿನ ವ್ಯತ್ಯಾಸವೇ ಉಳಿಯದು ಎನ್ನುತ್ತದೆ. ಸಮಭಾಜಕದುದ್ದಕ್ಕೂ ಸುಮಾರು 29 ಡಿಗ್ರಿ ಬರುತ್ತದೆ. ಎರಡೂ ಐದು ನಿಮಿಷದ ಕೆಲಸ, ಉಷ್ಣತೆಯ ಎರಡು ಅಂಚುಗಳನ್ನು ತಿಳಿಯಲು ಉಪಯುಕ್ತ.

ಆದರೆ ಕಕ್ಷೆಯ ಪ್ರಶ್ನೆಗೆ ಇವೆರಡೂ ಒಂದೇ ಉತ್ತರ ಕೊಡುತ್ತವೆ, ಅದು ಸೊನ್ನೆ. ಮೊದಲನೆಯದರಲ್ಲಿ ಅತಿ ಬಿಸಿಯಾದ ಜಾಗ ನೇರವಾಗಿ ಸೂರ್ಯನಿಗೆ ಎದುರಾಗಿರುವುದರಿಂದ ಹೊರಹೋಗುವ ಅವಕೆಂಪು ಕಿರಣಗಳ ಹಿಮ್ಮೆಟ್ಟು ಸೂರ್ಯನಿಂದ ಆಚೆಗಷ್ಟೇ ತಳ್ಳುತ್ತದೆ, ಕಕ್ಷೆಯ ಹಾದಿಯಲ್ಲಿ ಮುಂದಕ್ಕೂ ಅಲ್ಲ, ಹಿಂದಕ್ಕೂ ಅಲ್ಲ; ಎರಡನೆಯದರಲ್ಲಿ ಸುತ್ತಲೂ ಸಮಾನ ಕಾವಿರುವುದರಿಂದ ತಳ್ಳುವಿಕೆ ತಾನಾಗಿಯೇ ಸರಿತೂಗುತ್ತದೆ. ಹೊರಸೂಸುವ ಕಾವಿನ ತಳ್ಳುವಿಕೆಯಿಂದ ಕಕ್ಷೆ ನಿಧಾನವಾಗಿ ಸರಿಯುವುದಕ್ಕೆ ಯಾರ್ಕೋವ್ಸ್ಕಿ ಪರಿಣಾಮ ಎನ್ನುತ್ತಾರೆ; ಅದಕ್ಕೆ ಬೇಕಾದದ್ದು ಇವೆರಡರ ನಡುವಿನ ಸ್ಥಿತಿ. ಹೊತ್ತು ಮುಳುಗಿದ ಮೇಲೂ ನಮ್ಮ ಕೋಟೆಯ ಬಂಡೆಗಳು ಬಿಸಿಯಾಗಿರುವಂತೆ, ಕಾವು ಮಧ್ಯಾಹ್ನದಿಂದ ಸ್ವಲ್ಪ ತಡವಾಗಬೇಕು.

ಮೂರನೆಯ ವಿಧಾನ ಆ ತಡವನ್ನು ಹಿಡಿಯುತ್ತದೆ. ಮೇಲ್ಮೈಯನ್ನು ಪದರಗಳಾಗಿ ವಿಂಗಡಿಸಿ, ಶಾಖ ಒಳಗಿಳಿದು ಮರಳುವುದನ್ನು ಹೆಜ್ಜೆಹೆಜ್ಜೆಯಾಗಿ ಲೆಕ್ಕ ಮಾಡಬೇಕು. ಬೆನ್ನುವಿನಲ್ಲಿ ಒಂದು ಸುತ್ತಿನೊಳಗೆ ಶಾಖ ಇಳಿಯುವುದು ಒಂದೆರಡು ಸೆಂಟಿಮೀಟರ್ ಮಾತ್ರ, ಹಾಗಾಗಿ ಪದರಗಳು ಮಿಲಿಮೀಟರ್ ಮಟ್ಟದಲ್ಲಿರಬೇಕು. ಕಾಲದ ಹೆಜ್ಜೆಯನ್ನೂ ಅದಕ್ಕೆ ತಕ್ಕಂತೆ ಕಿರಿದಾಗಿಸದಿದ್ದರೆ ಅಂಕಿಗಳು ಹುಚ್ಚಾಪಟ್ಟೆ ಏರುತ್ತವೆ. ಹಲವು ಸುತ್ತುಗಳ ನಂತರ ಲೆಕ್ಕ ಸ್ಥಿರಗೊಂಡಾಗ, ಗರಿಷ್ಠ ಉಷ್ಣತೆ ಹಿಂದಿನ ಎರಡು ಅಂಕಿಗಳ ನಡುವೆ ಬಂದು, ನಡುಹಗಲಿನಿಂದ ಅಪರಾಹ್ನದ ಕಡೆಗೆ ಜರುಗಿತ್ತು. ಬೆನ್ನು ತನ್ನ ಪರಿಭ್ರಮಣೆಗೆ ವಿರುದ್ಧ ದಿಕ್ಕಿನಲ್ಲಿ ತಿರುಗುವುದರಿಂದ ಆ ಬಿಸಿ ಬದಿ ಮುಂದಕ್ಕೆ ಮುಖ ಮಾಡಿ, ವೇಗವನ್ನು ತಗ್ಗಿಸುತ್ತದೆ. ಅದರ ಕಕ್ಷೆಯ ಅರ್ಧ ದೀರ್ಘಾಕ್ಷ (ಅಂಡಾಕಾರದ ಕಕ್ಷೆಯ ಅತಿ ಉದ್ದದ ಅಳತೆಯ ಅರ್ಧ) ವರ್ಷಕ್ಕೆ ಸುಮಾರು 284 ಮೀಟರ್ ಕುಗ್ಗುತ್ತಿರುವುದು ಅಳತೆಯಿಂದ ತಿಳಿದಿದೆ. 2003ರಲ್ಲಿ ರಾಡಾರ್ ಮೂಲಕ ಈ ಪರಿಣಾಮವನ್ನು ಮೊದಲ ಬಾರಿಗೆ ನೇರವಾಗಿ ಗುರುತಿಸಿದ್ದು ಗೊಲೆವ್ಕಾ ಎಂಬ ಇನ್ನೊಂದು ಕ್ಷುದ್ರಗ್ರಹದಲ್ಲಿ. ಈ ತಳ್ಳುವಿಕೆಯಿಂದಾಗಿ 12 ವರ್ಷಗಳಲ್ಲಿ ಅದು ತಾನಿರಬೇಕಾದ ಜಾಗದಿಂದ ಸುಮಾರು 15 ಕಿಲೋಮೀಟರ್ ಸರಿದಿತ್ತು.

ಉಷ್ಣತೆಯ ಅಂದಾಜಷ್ಟೇ ಸಾಕೆನ್ನುವವರಿಗೆ ಮೊದಲ ವಿಧಾನವನ್ನೇ ಸೂಚಿಸುತ್ತೇನೆ, ಕಕ್ಷೆ ಬೇಕೆನ್ನುವವರಿಗೆ ಮೂರನೆಯದಲ್ಲದೆ ಬೇರೆ ದಾರಿಯಿಲ್ಲ. ಅದರಲ್ಲೂ ಒಂದು ಎಚ್ಚರಿಕೆ ಅಗತ್ಯ: ಎಲ್ಲವೂ ನಾವು ಕೊಡುವ ಉಷ್ಣ ಜಡತ್ವದ, ಅಂದರೆ ಮೇಲ್ಮೈ ತನ್ನ ಉಷ್ಣತೆಯ ಬದಲಾವಣೆಯನ್ನು ಎಷ್ಟು ತಡೆಯುತ್ತದೆ ಎಂಬುದರ, ಬೆಲೆಯ ಮೇಲೆ ನಿಂತಿದೆ. ಚಂದ್ರನ ನುಣ್ಣನೆಯ ಧೂಳಿಗೆ ಅದು ಎಸ್‌ಐ ಮಾನದಲ್ಲಿ ಸುಮಾರು 50, ಗಟ್ಟಿ ಗ್ರಾನೈಟಿಗೆ 2,000ಕ್ಕೂ ಹೆಚ್ಚು, ಬೆನ್ನುವಿಗೆ ಸುಮಾರು 300. ಈ ಅಂಕಿಯನ್ನು ನೋಡಿ ಅಲ್ಲಿ ಸಣ್ಣ ಜಲ್ಲಿಯಂಥ ನೆಲವಿರಬಹುದೆಂದು ವಿಜ್ಞಾನಿಗಳು ನಿರೀಕ್ಷಿಸಿದ್ದರು. 2018ರಲ್ಲಿ ನಾಸಾದ ಓಸಿರಿಸ್-ರೆಕ್ಸ್ ನೌಕೆ ತಲುಪಿದಾಗ ಕಂಡದ್ದು ಎಲ್ಲೆಡೆ ಬಂಡೆಗಳು. ಆ ಬಂಡೆಗಳೇ ರಂಧ್ರಮಯವಾಗಿದ್ದು, ಶಾಖವನ್ನು ಕಡಿಮೆ ಒಯ್ಯುತ್ತವೆ.