ಹೊಸ ಬಣ್ಣದ ಹಳೇ ಫುಲ್ ಸಸ್ಪೆನ್ಷನ್ ಸೈಕಲ್: ದುಡ್ಡು ಕೊಡೋ ಮುಂಚೆ ಇದನ್ನೊಮ್ಮೆ ಓದಿ

1990ರ ದಶಕದ ಫುಲ್ ಸಸ್ಪೆನ್ಷನ್ (ಮುಂದೆ ಹಿಂದೆ ಎರಡೂ ಕಡೆ ಏಟು ನುಂಗುವ ಶಾಕ್ ಇರುವ) ಮೌಂಟೇನ್ ಬೈಕ್ ಒಂದನ್ನು ಯಾರಾದರೂ ನಿಮ್ಮ ಮುಂದೆ ನಿಲ್ಲಿಸಿ, "ಪೂರ್ತಿ ರಿಸ್ಟೋರ್ ಆಗಿದೆ, ನೀವು ಹತ್ತಿ ಓಡಿಸೋದೊಂದೇ ಬಾಕಿ" ಅಂದರೆ ಸ್ವಲ್ಪ ತಡೆಯಿರಿ. ನನಗೆ ಹಾಗೆ ಹೇಳಿ ಮಾರಿದ ಸೈಕಲ್ಲಿನಲ್ಲಿ ಹಿಂದಿನ ಶಾಕ್ ಬೇರೆ ಅಳತೆಯದ್ದು. ಹಿಂಭಾಗ ಆಡುವ ಕೀಲು, ಅಂದರೆ ಪೈವಟ್, ಅದರ ಒಳಗೆ ಡಬ್ಬಿಯ ತಗಡು. ಮಿರಮಿರ ಮಿಂಚುವ ಬಣ್ಣದ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಬಿರುಕು. ಮಾರಿದವರ ಹೆಸರು ಇಲ್ಲಿ ಹಾಕುತ್ತಿಲ್ಲ. ಇದೇ ಕೆಲಸ ಮಾಡುವವರು ಅವರೊಬ್ಬರೇ ಏನಲ್ಲ. ಹೆಸರಿಗಿಂತ ಅವರು ಹೇಗೆ ಮಾಡಿದರು ಅನ್ನೋದು ಗೊತ್ತಾದರೆ ನಿಮಗೆ ಜಾಸ್ತಿ ಉಪಯೋಗ.

ಮೊದಲು ಒಂದು ವಿಷಯ. ಹಳೇ ಹಾರ್ಡ್‌ಟೇಲ್, ಅಂದರೆ ಹಿಂದೆ ಶಾಕ್ ಇಲ್ಲದ ಸೈಕಲ್ಲನ್ನು ಸರಿಮಾಡೋದು ಅಷ್ಟೇನೂ ಕಷ್ಟವಲ್ಲ. ಫ್ರೇಮ್ ನೆಟ್ಟಗಿದ್ದರೆ ಸಾಕು. ಕೇಬಲ್, ಚೈನ್, ಟಯರ್, ಬೇರಿಂಗ್ ಬದಲಾಯಿಸಿ ಗ್ರೀಸ್ ಹಾಕಿದರೆ ಓಡುತ್ತದೆ. ಫುಲ್ ಸಸ್ಪೆನ್ಷನ್ ಹಾಗಲ್ಲ. ಫ್ರೇಮಿನ ಹಿಂದಿನ ಅರ್ಧ ಒಂದು ಕೀಲಿನ ಮೇಲೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಆ ಪೈವಟ್, ಅದರೊಳಗಿನ ಸವೆಯುವ ಬಳೆ ಅಂದರೆ ಬುಶ್, ಶಾಕ್ ಕೂರುವ ಎರಡು ಕೊಂಡಿ, ಅದರ ಸುತ್ತಲಿನ ವೆಲ್ಡಿಂಗ್: ಸೈಕಲ್ಲಿನ ಆಯಸ್ಸು ಇರೋದು ಅಲ್ಲೇ. 1990ರ ದಶಕದಲ್ಲಿ ಇದಕ್ಕೆ ಒಂದು ಪದ್ಧತಿ ಅಂತ ಇರಲಿಲ್ಲ. ಕೆಲವರು ಒಂದೇ ಪೈವಟ್ ಇಟ್ಟರು, ಕೆಲವರು ನಾಲ್ಕು ಕೀಲಿನ ಜೋಡಣೆ ಮಾಡಿದರು, ಇನ್ನು ಕೆಲವರು ಪೆಡಲ್ ಬುಡದ ಬಾಟಮ್ ಬ್ರ್ಯಾಕೆಟ್ಟನ್ನೇ ಹಿಂದಿನ ತ್ರಿಕೋನದ (ಫ್ರೇಮಿನ ಆಡುವ ಹಿಂದಿನ ಅರ್ಧ) ಜೊತೆ ಓಲಾಡಲು ಬಿಟ್ಟರು. ಆ ಪ್ರಯೋಗಗಳನ್ನು ನೋಡೋಕೆ ಚೆನ್ನ, ಒಪ್ಪುತ್ತೇನೆ. ನನಗೂ ಆ ಕಾಲದ ಸೈಕಲ್ ಅಂದರೆ ಪ್ರಾಣ. ಆದರೆ ಒಂದು ಮಾಡೆಲ್ಲಿನ ಬುಶ್ ಇನ್ನೊಂದಕ್ಕೆ ಹೋಗಲ್ಲ. ಒಮ್ಮೊಮ್ಮೆ ಅದೇ ಮಾಡೆಲ್ಲಿನ ಮುಂದಿನ ವರ್ಷದ್ದೂ ಹೋಗಲ್ಲ.

ಜೊತೆಗೆ ಇವುಗಳಲ್ಲಿ ಹೆಚ್ಚಿನವು ಅಲ್ಯೂಮಿನಿಯಂ. ಉಕ್ಕಿಗೆ ಒಂದು ಮಿತಿ ಇದೆ. ಆ ಮಿತಿಯೊಳಗಿನ ಒತ್ತಡವನ್ನು ಅದು ಎಷ್ಟು ಸಲ ಬೇಕಾದರೂ ತಡೆಯುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಸಣ್ಣ ಸಣ್ಣ ಏಟೂ ಲೆಕ್ಕಕ್ಕೆ ಸೇರುತ್ತಾ ಹೋಗಿ, ಒಂದು ದಿನ ವೆಲ್ಡಿಂಗ್ ಪಕ್ಕ ಕೂದಲೆಳೆಯಂಥ ಬಿರುಕು ಶುರುವಾಗುತ್ತದೆ. ಎಷ್ಟು ಓಡಿದೆ ಅಂತ ಹೇಳುವ ಮೀಟರ್ ಸೈಕಲ್ಲಿಗೆ ಇಲ್ಲವಲ್ಲ. ಇಪ್ಪತ್ತೈದು ಮೂವತ್ತು ವರ್ಷದ ಫ್ರೇಮನ್ನು ಕಣ್ಣಲ್ಲಿ ನೋಡಿಯೇ ತೀರ್ಮಾನ ಮಾಡಬೇಕು. ಕಣ್ಣಿಗೆ ಕಾಣದ ಹಾಗೆ ಮಾಡೋಕೆ ಒಂದು ಡಬ್ಬ ಬಣ್ಣ ಸಾಕು.

ನಾನು ನೋಡಲು ಹೋದಾಗ ಸೈಕಲ್ ಹೊಳೀತಿತ್ತು. ಹೊಸ ಸ್ಟಿಕರ್, ಹೊಸ ಗ್ರಿಪ್, ಪಾಲಿಶ್ ಮಾಡಿದ ಕ್ರ್ಯಾಂಕ್. ಹತ್ತಿ ಒಂದು ಸುತ್ತು ಹಾಕಿದೆ. ಹಿಂದುಗಡೆ ಸ್ವಲ್ಪವೂ ಬಗ್ಗಲಿಲ್ಲ. ಕೇಳಿದ್ದಕ್ಕೆ "ಶಾಕ್ ಈಗಷ್ಟೇ ಸರ್ವೀಸ್ ಆಗಿದೆ, ಹೊಸದರಲ್ಲಿ ಗಟ್ಟಿ ಇರುತ್ತೆ, ಓಡಿಸ್ತಾ ಓಡಿಸ್ತಾ ಸಡಿಲ ಆಗುತ್ತೆ" ಅಂದರು. ಇದು ಶುದ್ಧ ಸುಳ್ಳು. ಸರ್ವೀಸ್ ಆದ ಏರ್ ಶಾಕ್ ಮೊದಲಿಗಿಂತ ನುಣುಪಾಗಿ ಆಡಬೇಕು. ಅದು ಆಡದೇ ಇದ್ದದ್ದು ಅವರು ಗಾಳಿಯನ್ನು ಕಂಠಪೂರ್ತಿ ತುಂಬಿಸಿದ್ದರಿಂದ. ಶಾಕ್ ಅಲುಗಾಡದಿದ್ದರೆ ಪೈವಟ್ಟಿನ ಆಟವೂ ಗೊತ್ತಾಗಲ್ಲ, ಕಿರಗುಟ್ಟುವುದೂ ಕೇಳಲ್ಲ, ಅಳತೆ ತಪ್ಪಿದ್ದೂ ಕಾಣಲ್ಲ. ಒಂದೇ ಪಂಪಿನಲ್ಲಿ ಮೂರು ದೋಷ ಮುಚ್ಚಿಹೋಯಿತು.

ಮನೆಗೆ ತಂದು ನನ್ನ ತೂಕಕ್ಕೆ ಬೇಕಾದಷ್ಟು ಗಾಳಿ ಇಳಿಸಿ ಓಡಿಸಿದಾಗ ನಿಜ ಹೊರಗೆ ಬಂತು. ಒಂದು ಸಣ್ಣ ಇಳಿಜಾರಿನ ಕೊನೆಯಲ್ಲಿ ಗುಂಡಿಗೆ ಇಳಿದದ್ದೇ ತಡ, ಹಿಂದಿನ ಚಕ್ರ ಯಾರೋ ಹಿಡಿದೆಳೆದ ಹಾಗೆ ಗಕ್ಕಂತ ನಿಂತು ಮತ್ತೆ ತಿರುಗಿತು. ಬೀಳಲಿಲ್ಲ, ಅದೃಷ್ಟ. ಇಳಿದು ನೋಡಿದರೆ ಸೀಟ್ ಟ್ಯೂಬಿನ (ಸೀಟಿನ ಕೆಳಗಿನ ಕೊಳವೆ) ಹೊಸ ಬಣ್ಣದ ಮೇಲೆ ಹೆಬ್ಬೆರಳಗಲದ ಕಪ್ಪು ಪಟ್ಟೆ. ಟಯರ್ ಫ್ರೇಮಿಗೆ ಉಜ್ಜಿದ ಗುರುತು.

ಯಾಕೆ ಹೀಗಾಯಿತು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಬಹಳ ಜನ ಮೋಸ ಹೋಗೋದು ಇಲ್ಲೇ. ಶಾಕ್‌ಗೆ ಎರಡು ಅಳತೆ ಇರುತ್ತದೆ. ಒಂದು, ಎರಡೂ ಬೋಲ್ಟ್ ತೂತುಗಳ ನಡುವಿನ ಉದ್ದ. ಇನ್ನೊಂದು ಸ್ಟ್ರೋಕ್, ಅಂದರೆ ಅದು ಎಷ್ಟು ಒಳಗೆ ಹೋಗುತ್ತದೆ ಅನ್ನೋದು. ಆ ಸೈಕಲ್ಲಿನ ಹಳೇ ಕ್ಯಾಟಲಾಗ್ ಹುಡುಕಿ ನೋಡಿದೆ. ಮೂಲದಲ್ಲಿ ಇದ್ದದ್ದು 7.5 ಇಂಚು ಉದ್ದ, 1.75 ಇಂಚು ಸ್ಟ್ರೋಕ್. ಅವರು ಹಾಕಿದ್ದು ಉದ್ದ ಅಷ್ಟೇ ಇರುವ, ಸ್ಟ್ರೋಕ್ ಮಾತ್ರ 2 ಇಂಚಿನ ಶಾಕ್. ಬೋಲ್ಟ್ ಸಲೀಸಾಗಿ ಕೂತಿದೆ, ನೋಡಿದರೆ ಯಾರಿಗೂ ಅನುಮಾನ ಬರಲ್ಲ. ಕಾಲು ಇಂಚು ಅಂದರೆ 6 ಮಿಲಿಮೀಟರ್ ಚಿಲ್ಲರೆ, ಅದೇನು ಮಹಾ ಅನ್ನಿಸಬಹುದು. ಆದರೆ ಶಾಕ್ ಒಂದು ಮಿಲಿಮೀಟರ್ ಕುಗ್ಗಿದರೆ ಚಕ್ರ ಅದರ ಎರಡೂವರೆ ಪಟ್ಟು ಮೇಲೆ ಬರುವ ಜೋಡಣೆ ಅದು. ಅಲ್ಲಿಗೆ ಚಕ್ರ 15 ಮಿಲಿಮೀಟರ್‌ಗೂ ಹೆಚ್ಚು ಮೇಲೆ ಬರುತ್ತದೆ. ಫ್ರೇಮ್ ಮಾಡಿದವರು ಅಷ್ಟು ಜಾಗ ಬಿಟ್ಟೇ ಇರಲಿಲ್ಲ.

ಸರಿಯಾದ ಶಾಕ್ ಹುಡುಕೋಣ ಅಂದರೆ ಅದು ಇನ್ನೊಂದು ಪಾಡು. ಶಾಕ್ ತಯಾರಿಸುವ ರಾಕ್‌ಶಾಕ್ಸ್ 2016ರಲ್ಲಿ ಮೆಟ್ರಿಕ್ ಅಳತೆ ತಂದ ಮೇಲೆ ಹೊಸ ಫ್ರೇಮುಗಳಲ್ಲಿ ಹೆಚ್ಚಿನವು ಆ ಕಡೆ ಹೋದವು. ಮಿಲಿಮೀಟರ್ ಲೆಕ್ಕದಲ್ಲಿ 210 ಉದ್ದ 50 ಸ್ಟ್ರೋಕ್, 230 ಉದ್ದ 60 ಸ್ಟ್ರೋಕ್, ಈ ಥರ. ಹಳೇ ಇಂಚಿನ ಅಳತೆಗಳಲ್ಲಿ ತುಂಬಾ ಓಡಿದವು, ಉದಾಹರಣೆಗೆ 7.875 ಇಂಚು ಉದ್ದ 2.25 ಇಂಚು ಸ್ಟ್ರೋಕ್‌ನದು (ಮಿಲಿಮೀಟರ್‌ನಲ್ಲಿ 200, 57), ಹುಡುಕಿದರೆ ಸಿಗುತ್ತವೆ. ಅಪರೂಪದ ಅಳತೆ ಆದರೆ ಸೆಕೆಂಡ್‌ಹ್ಯಾಂಡೇ ಗತಿ. ಆದ್ದರಿಂದ ಸೈಕಲ್ ಇಷ್ಟವಾದ ದಿನವೇ ಶಾಕ್ ಅಳತೆ ಕೇಳಿ. ಆ ಅಳತೆಯದು ಬೇರೆ ಕಡೆ ಸಿಗುತ್ತದೆ ಅಂತ ಖಾತ್ರಿಯಾದ ಮೇಲೆ ಮಾತು ಮುಂದುವರಿಸಿ.

ಹಾಗಂತ ಇರುವ ಶಾಕನ್ನೇ ಬಿಚ್ಚಿ ನೋಡೋಣ ಅಂತ ಸ್ಪ್ಯಾನರ್ ಎತ್ತಬೇಡಿ. ಹೆಚ್ಚಿನವುಗಳ ಒಳಗೆ ನೈಟ್ರೋಜನ್ ಒತ್ತಡದಲ್ಲಿ ತುಂಬಿದ ಕೋಣೆ ಇರುತ್ತದೆ. ಹೊರಗಿನ ವಾಲ್ವಿನ ಗಾಳಿ ಬಿಟ್ಟರೂ ಅದು ಖಾಲಿ ಆಗಲ್ಲ. ಇನ್ನೂ ಅಪಾಯದ್ದು ಅಂದರೆ ಕುಗ್ಗಿದ್ದು ಮೇಲೇಳದೇ ಅಲ್ಲೇ ಸಿಕ್ಕಿಕೊಂಡ ಏರ್ ಶಾಕ್. ಸೀಲ್ ಹಾಳಾಗಿ ಗಾಳಿ ತಪ್ಪು ಕೋಣೆಗೆ ಸೇರಿಕೊಂಡಿರುತ್ತದೆ. ಗಾಳಿ ತುಂಬಿದ ಹೊರ ಕೊಳವೆ, ಅಂದರೆ ಕ್ಯಾನ್, ತಿರುಚಿ ಬಿಚ್ಚಿದರೆ ಸಿಡಿದು ಮುಖಕ್ಕೇ ಬರಬಹುದು. ಅದನ್ನು ಶಾಕ್ ಸರ್ವೀಸ್ ಗೊತ್ತಿರುವವರ ಕೈಗೇ ಕೊಡಬೇಕು.

ಪೈವಟ್ ಕಥೆ ಚಿಕ್ಕದು, ಆದರೆ ನನಗೆ ಜಾಸ್ತಿ ಸಿಟ್ಟು ಬಂದದ್ದು ಅಲ್ಲಿ. ಬೋಲ್ಟ್ ಬಿಚ್ಚಿ ಆಕ್ಸಲ್ ಎಳೆದಾಗ ಗ್ರೀಸ್ ಜೊತೆ ಒಂದು ತಗಡಿನ ಸುರುಳಿ ಹೊರಬಂತು. ಕತ್ತರಿಯಲ್ಲಿ ಕತ್ತರಿಸಿದ ಅಂಚು, ಒಳಮೈಯಲ್ಲಿ ಇನ್ನೂ ಅಚ್ಚಿನ ಬಣ್ಣ. ಯಾವುದೋ ಡಬ್ಬಿಯದು. ಸವೆದ ಬುಶ್ ಬದಲಾಯಿಸುವ ಬದಲು ಅದರ ಸುತ್ತ ತಗಡು ಸುತ್ತಿ ಬಿಗಿ ಮಾಡಿದ್ದಾರೆ. ಬಿಗಿಯೇನೋ ಆಗಿತ್ತು. ಆದರೆ ಆ ತಗಡು ಬುಶ್ ಕೂರುವ ಅಲ್ಯೂಮಿನಿಯಂ ಗೂಡಿನ ಒಳಗೋಡೆಯನ್ನು ಅರೆದು ಮೊಟ್ಟೆಯಾಕಾರ ಮಾಡಿತ್ತು. ಗೂಡು ದುಂಡಗಿಲ್ಲ ಅಂದಮೇಲೆ ಹೊಸ ಬುಶ್ ತಂದರೂ ಅದು ಕೂರಲ್ಲ. ಸರಿಯಾದ ಬುಶ್ ಹಾಕಿದ್ದರೆ ಉಳಿಯಬಹುದಾಗಿದ್ದ ಗೂಡು ಅದು.

ಗೂಡನ್ನು ಒರೆಸುವಾಗ ಇನ್ನೊಂದು ಕಂಡಿತು. ವೆಲ್ಡಿಂಗ್ ಅಂದರೆ ಸಣ್ಣ ಸಣ್ಣ ಅಲೆ ಕಾಣಬೇಕು, ಅಲ್ವಾ? ಪೈವಟ್ಟಿನ ಎಡಭಾಗದಲ್ಲಿ ಅಲೆ ಇತ್ತು, ಬಲಭಾಗದಲ್ಲಿ ಇರಲಿಲ್ಲ. ಬೆರಳಿಗೆ ನುಣ್ಣಗೆ ಸಿಕ್ಕಿತು. "ಪೌಡರ್ ಕೋಟಿಂಗ್ ಮಾಡಿಸಿದ್ದು" ಅಂದಿದ್ದರು. ಥಿನ್ನರ್ ಹಚ್ಚಿದ ಬಟ್ಟೆಯಲ್ಲಿ ಉಜ್ಜಿದರೆ ಬಣ್ಣ ಮೆತ್ತಗಾಗಿ ಬಟ್ಟೆಗೆ ಬಂತು. ಒಲೆಯಲ್ಲಿ ಬೆಂದ ಪೌಡರ್ ಹಾಗೆ ಸುಲಭವಾಗಿ ಬಿಡಲ್ಲ. ಇದು ಸ್ಪ್ರೇ ಬಣ್ಣ. ಕಾರಣವೂ ಹೊಳೆಯಿತು. ಪೌಡರ್ ಕೋಟಿಂಗ್‌ಗೆ ಫ್ರೇಮನ್ನು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಬೇಕು. ಮಾಮೂಲಿ ಪುಟ್ಟಿ ಆ ಬಿಸಿ ತಡೆಯಲ್ಲ. ಕೆರೆದಾಗ ಮಾಸಲು ಬಣ್ಣದ ಪುಡಿ ಉದುರಿತು. ಕಾರಿನಲ್ಲಿ ಪುಟ್ಟಿ ಹುಡುಕೋಕೆ ಅಯಸ್ಕಾಂತ ಇಡ್ತಾರಲ್ಲ, ಆ ಉಪಾಯ ಇಲ್ಲಿ ನಡೆಯಲ್ಲ, ಅಲ್ಯೂಮಿನಿಯಂಗೆ ಅಯಸ್ಕಾಂತ ಅಂಟೋದೇ ಇಲ್ಲ.

ಬರಿ ಲೋಹ ಕಂಡ ಮೇಲೂ ಬಿರುಕು ಬರಿಗಣ್ಣಿಗೆ ಸರಿಯಾಗಿ ಕಾಣಲಿಲ್ಲ. ಮರಳು ಕಾಗದದಲ್ಲಿ ಉಜ್ಜಿದರೆ ಬಿರುಕಿನ ಬಾಯಿ ಮುಚ್ಚಿದ ಹಾಗೆ ಆಗುತ್ತದೆ. ಸ್ಯಾಂಡ್‌ಬ್ಲಾಸ್ಟಿಂಗ್ ಮಾಡಿದರೂ ಅಷ್ಟೇ. ಹಾಗಾಗಿ ಹಳೇ ಗ್ಯಾರೇಜಿನವರ ಪರೀಕ್ಷೆ ಮಾಡಿದೆ. ಜಾಗ ಚೆನ್ನಾಗಿ ತೊಳೆದು ಒಣಗಿಸಿ, ಸೀಮೆಎಣ್ಣೆ ಹಚ್ಚಿ ಸುಮಾರು ಹೊತ್ತು ಬಿಟ್ಟು, ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದೆ. ಮೊದಲು ಏನೂ ಇಲ್ಲ. ಆಮೇಲೆ ಬಿಳಿ ಪುಡಿಯ ನಡುವೆ ಒಂದು ಒದ್ದೆ ಗೆರೆ ಮೂಡಿತು. ವೆಲ್ಡಿಂಗ್ ಅಂಚಿನಲ್ಲೇ ಹೊರಟು, ಪೈವಟ್ ಗೂಡಿನ ಅರ್ಧ ಸುತ್ತು ಬಳಸಿ, ತುದಿಯಲ್ಲಿ ಡೌನ್ ಟ್ಯೂಬಿನ (ಫ್ರೇಮಿನ ಕೆಳಗಿನ ಓರೆ ಕೊಳವೆ) ಕಡೆ ತಿರುಗಿತ್ತು. ಬಿರುಕಿನೊಳಗೆ ಉಳಿದಿದ್ದ ಎಣ್ಣೆ ಸುಣ್ಣಕ್ಕೆ ಏರಿದ್ದು ಅದು. ಇದನ್ನೇ ಇನ್ನೂ ಅಚ್ಚುಕಟ್ಟಾಗಿ ಮಾಡಲು ಡೈ ಪೆನೆಟ್ರಂಟ್ ಅನ್ನೋ ಕೆಂಪು ದ್ರವದ ಕಿಟ್ ಸಿಗುತ್ತದೆ. ಹಳೇ ಫ್ರೇಮ್ ಹುಚ್ಚು ಇರುವವರು ಒಂದು ಇಟ್ಟುಕೊಂಡರೆ ಒಳ್ಳೇದು.

"ವೆಲ್ಡ್ ಮಾಡಿಸಿಬಿಡಿ" ಅಂತ ಮಾರಿದವರೇ ಸಲಹೆ ಕೊಟ್ಟರು. ಎಷ್ಟು ಸಲೀಸಾದ ಮಾತು! 6061 ಅನ್ನೋ ಅಲ್ಯೂಮಿನಿಯಂನಲ್ಲಿ ಬೆಸುಗೆ ಹಾಕಿದ ಜಾಗದ ಸುತ್ತಮುತ್ತ ಬಲ ತುಂಬಾ ಇಳಿದುಹೋಗುತ್ತದೆ. ಅದು ವಾಪಸ್ ಬರಬೇಕಾದರೆ ಇಡೀ ಫ್ರೇಮನ್ನು ಸುಮಾರು 530 ಡಿಗ್ರಿಗೆ ಕಾಯಿಸಿ, ತಟ್ಟನೆ ತಣಿಸಿ, ಆಮೇಲೆ ಸುಮಾರು 175 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡಬೇಕು. ಆಗ ಫ್ರೇಮ್ ಸೊಟ್ಟಗಾಗದ ಹಾಗೆ ಹಿಡಿದಿಡುವ ಚೌಕಟ್ಟೂ ಬೇಕು. 7005 ಅನ್ನೋ ಇನ್ನೊಂದು ಅಲ್ಯೂಮಿನಿಯಂ ಆದರೆ ಇಷ್ಟು ರಗಳೆ ಇಲ್ಲ, ಆದರೂ ಪೈವಟ್ ಸುತ್ತ ಬಿರುಕು ಬಿಟ್ಟದ್ದನ್ನು ಬೆಸೆದು ಕಲ್ಲುಗುಡ್ಡ ಇಳಿಸುವ ಧೈರ್ಯ ನನಗಿಲ್ಲ. ಉಕ್ಕಿನ ಫ್ರೇಮ್ ಆಗಿದ್ದರೆ ಒಳ್ಳೇ ವೆಲ್ಡರ್ ಹತ್ತಿರ ಹೋಗುತ್ತಿದ್ದೆ.

ದುಡ್ಡು ವಾಪಸ್ ಕೇಳಿದಾಗ "ನಾವು ಕೊಟ್ಟಾಗ ಸರಿ ಇತ್ತು, ನೀವು ಎಲ್ಲೋ ಹಾರಿಸಿದ್ದೀರಿ" ಅನ್ನುವ ಉತ್ತರ. ಹಾರಿಸಿದ ಮೇಲೆ ಬಿದ್ದ ಬಿರುಕಿನ ಮೇಲೆ ಪುಟ್ಟಿ ಹೇಗೆ ಬಂತು ಅಂತ ಕೇಳಿದೆ. ಫೋನ್ ಇಟ್ಟರು.

ಈಗ ಇಂಥ ಸೈಕಲ್ ನೋಡಲು ಹೋಗುವವರು ಕೇಳಿ. ಶಾಕ್ ಪಂಪ್ ಒಂದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ. ಮಾರುವವರ ಎದುರಿಗೇ ಶಾಕ್‌ನ ಗಾಳಿ ಪೂರ್ತಿ ಬಿಡಿ, ಸ್ಪ್ರಿಂಗ್ ಶಾಕ್ ಆದರೆ ಸ್ಪ್ರಿಂಗ್ ತೆಗೆಸಿ. ಸೀಟ್ ಒತ್ತಿ ಸೈಕಲ್ಲನ್ನು ತಳ ಮುಟ್ಟಿಸಿ, ಟಯರ್ ಎಲ್ಲಾದರೂ ತಾಗುತ್ತಾ ನೋಡಿ. ಆಮೇಲೆ ಶಾಕ್‌ನ ಒಂದು ತುದಿಯ ಬೋಲ್ಟ್ ಬಿಚ್ಚಿಸಿ, ಹಿಂದಿನ ತ್ರಿಕೋನವನ್ನು ಕೈಯಲ್ಲಿ ಮೇಲೆ ಕೆಳಗೆ ಆಡಿಸಿ. ನುಣ್ಣಗೆ ಓಲಾಡಬೇಕು, ಅಕ್ಕಪಕ್ಕ ಅಲುಗಬಾರದು. ಐದು ನಿಮಿಷದ ಕೆಲಸ. ಇದಕ್ಕೆ ಒಪ್ಪದವರ ಹತ್ತಿರ ವ್ಯಾಪಾರ ಬೇಡ. ಪೈವಟ್, ಶಾಕ್ ಕೊಂಡಿ, ಹೆಡ್ ಟ್ಯೂಬಿನ (ಹ್ಯಾಂಡಲ್ ಕೆಳಗಿನ ಕೊಳವೆ) ಹಿಂಭಾಗ, ಸೀಟ್ ಟ್ಯೂಬಿನ ತುದಿ, ಈ ನಾಲ್ಕು ಕಡೆ ಬಣ್ಣ ಹೊಸದಾಗಿದ್ದರೆ ಬಣ್ಣಕ್ಕೆ ಮುಂಚಿನ ಫೋಟೋ ಕೇಳಿ. ನಿಜವಾಗಿ ರಿಸ್ಟೋರ್ ಮಾಡಿದವರ ಹತ್ತಿರ ಅಂಥ ಫೋಟೋ ರಾಶಿ ಇರುತ್ತದೆ, ಬೇಡ ಅಂದರೂ ತೋರಿಸುತ್ತಾರೆ. ಸಾಧ್ಯವಾದರೆ ಕೊಳಕಾಗಿ, ಗೀರು ಬಿದ್ದು, ಮೂಲ ಬಣ್ಣದಲ್ಲೇ ಇರುವ ಸೈಕಲ್ಲನ್ನೇ ಹುಡುಕಿ. ಮೂಲ ಬಣ್ಣ ಬಿರುಕಿನ ಜಾಗದಲ್ಲಿ ತಾನೇ ಸೀಳಿ ತೋರಿಸುತ್ತದೆ.

ಮುಂದಿನ ಫೋರ್ಕ್ ಬಗ್ಗೆ ಎರಡು ಮಾತು. ಆ ಕಾಲದ ಎಷ್ಟೋ ಫೋರ್ಕ್‌ಗಳಲ್ಲಿ ಸ್ಪ್ರಿಂಗ್ ಬದಲು ಎಲಾಸ್ಟೊಮರ್, ಅಂದರೆ ರಬ್ಬರಿನಂಥ ತುಂಡುಗಳಿರುತ್ತಿದ್ದವು. ವಯಸ್ಸಾದ ಮೇಲೆ ಅವು ಕಲ್ಲಾಗುತ್ತವೆ ಇಲ್ಲವೇ ಅಂಟಂಟು ಮುದ್ದೆಯಾಗುತ್ತವೆ. ಹೊಸ ಫೋರ್ಕ್ ಹಾಕೋಣ ಅಂದರೆ ಈಗಿನವು ಹೆಚ್ಚಾಗಿ ಟೇಪರ್ ಸ್ಟೀರರ್‌ನವು (ಹೆಡ್ ಟ್ಯೂಬಿನೊಳಗೆ ಹೋಗುವ ಕೊಳವೆ ಬುಡದಲ್ಲಿ ದಪ್ಪ ಇರುವಂಥವು), ಹಳೇ 1⅛ ಇಂಚಿನ ನೇರ ಹೆಡ್ ಟ್ಯೂಬಿಗೆ ಇಳಿಯಲ್ಲ. ಉದ್ದವೂ ಜಾಸ್ತಿ. ಫೋರ್ಕ್ 20 ಮಿಲಿಮೀಟರ್ ಉದ್ದವಾದರೆ ಹ್ಯಾಂಡಲ್ ಕೋನ ಸುಮಾರು ಒಂದು ಡಿಗ್ರಿ ಮಲಗುತ್ತದೆ, ಹೆಡ್ ಟ್ಯೂಬಿನ ಮೇಲೆ ಭಾರವೂ ಏರುತ್ತದೆ. ರಿಮ್ಮನ್ನೇ ಹಿಡಿಯುವ ವಿ-ಬ್ರೇಕ್ ಇದ್ದರೆ ರಿಮ್ಮಿನ ಪಕ್ಕಕ್ಕೆ ಸ್ಕೇಲ್ ಹಿಡಿದು ನೋಡಿ. ಒಳಗೆ ಗುಳಿ ಬಿದ್ದಿದ್ದರೆ ರಿಮ್ ಸವೆದಿದೆ ಅಂತಲೇ ಲೆಕ್ಕ.

ಸ್ವಲ್ಪ ದಿನ ಬಿಟ್ಟು ಮಾರಿದವರೇ ಫೋನ್ ಮಾಡಿದ್ದರು. ಕಾಲು ಭಾಗ ಬೆಲೆಗೆ ಫ್ರೇಮ್ ವಾಪಸ್ ತಗೋತಾರಂತೆ, "ಯಾರಾದರೂ ಗೋಡೆಗೆ ತೂಗುಹಾಕೋಕೆ ತಗೋತಾರೆ" ಅಂತ. ಗೋಡೆಗೋ ಗುಡ್ಡಕ್ಕೋ ಯಾರಿಗೆ ಗೊತ್ತು. ಕೊಡಲಿಲ್ಲ. ಹ್ಯಾಕ್ಸಾ ತಗೊಂಡು ಪೈವಟ್ ಗೂಡಿನ ನಡುವೆಯೇ ಕೊಯ್ದು ಗುಜರಿಗೆ ಹಾಕಿದೆ. ಹಬ್, ಕ್ರ್ಯಾಂಕ್, ಡಿರೇಲರ್ ಚೆನ್ನಾಗಿವೆ, ಆ ಕಾಲದ ಸೈಕಲ್ ಕಟ್ಟುತ್ತಿರುವವರಿಗೆ ಬೇಕಿದ್ದರೆ ಹೇಳಿ. ಶಾಕ್ ಕೂಡ ಇದೆ, ಆದರೆ ನಿಮ್ಮ ಫ್ರೇಮಿನ ಉದ್ದ, ಸ್ಟ್ರೋಕ್ ಎರಡೂ ಅಳೆದು ಬರೆದವರಿಗೆ ಮಾತ್ರ.