ಬಿಟಿಎಂ ಲೇಔಟ್‌ನ ಟೆಸ್ಟಿಂಗ್ ಕೋರ್ಸ್: ಪಾಠಕ್ಕೆ ದುಡ್ಡು ಕೊಡಬಹುದು, ಪ್ಲೇಸ್‌ಮೆಂಟ್ ಮಾತಿಗೆ ಬೇಡ

ನಾನು ಬಿಇ ಮೆಕ್ಯಾನಿಕಲ್, 2017ರ ಬ್ಯಾಚು. ಪೀಣ್ಯದಲ್ಲಿ ಎಂಟು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಸಿಎನ್‌ಸಿ ಮೆಷಿನ್‌ನಿಂದ ಬಂದ ಪೀಸುಗಳನ್ನು ಅಳೆದು ಪಾಸು, ರಿಜೆಕ್ಟು ಅಂತ ಬೇರೆ ಮಾಡುವ ಕೆಲಸ. ಕೆಲಸದ ಮೇಲೆ ಬೇಜಾರಿರಲಿಲ್ಲ. ಆದರೆ ಸಂಬಳ ನಿಂತಲ್ಲೇ ನಿಂತಿತ್ತು, ವಾರ ಬಿಟ್ಟು ವಾರ ನೈಟ್ ಶಿಫ್ಟು, ಮನೆಯಲ್ಲಿ ಸಣ್ಣ ಮಗು. ಹಾಗಾಗಿ ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ, ಕಲಿಯೋಣ ಅಂತ ಬಿಟಿಎಂ ಲೇಔಟ್‌ನ ಒಂದು ಇನ್‌ಸ್ಟಿಟ್ಯೂಟ್‌ಗೆ ಸೇರಿದೆ. ಐದು ತಿಂಗಳ ಕೋರ್ಸು, ಶನಿವಾರ ಭಾನುವಾರದ ಬ್ಯಾಚು. ಅಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ ಅನ್ನುವುದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. ಬೇರೆ ಕಡೆ ಸೇರಿದ ನನ್ನ ಇಬ್ಬರು ಸ್ನೇಹಿತರ ಅನುಭವವೂ ಹೆಚ್ಚುಕಡಿಮೆ ಇದೇ, ಒಂದೇ ಇನ್‌ಸ್ಟಿಟ್ಯೂಟ್ ಮೇಲೆ ಎಲ್ಲಾ ಹೊರಿಸುವುದು ಸರಿಯಲ್ಲ.

ಮೊದಲು ಫೀಸಿನ ವಿಷಯ. ಫೋನಿನಲ್ಲಿ 32,000 ಅಂದರು. ಬಿಲ್ ಕೈಗೆ ಬಂದಾಗ 37,760 ಇತ್ತು, 18% ಜಿಎಸ್‌ಟಿ ಸೇರಿ. ಇದನ್ನು ಮೊದಲೇ ಕೇಳಿಕೊಳ್ಳಿ. ಕಂತಿನಲ್ಲಿ ಕಟ್ಟಲು ಬಿಟ್ಟರು, ಅದು ನನಗೆ ತುಂಬಾ ಅನುಕೂಲ ಆಯಿತು. ಇನ್ನೊಂದು ವಿಷಯ, ಕೌನ್ಸೆಲರ್ ಬಾಯಲ್ಲಿ ಹೇಳಿದ್ದು "ಸರ್, ನೂರಕ್ಕೆ ನೂರು ಪ್ಲೇಸ್‌ಮೆಂಟ್". ಸಹಿ ಹಾಕಿಸಿಕೊಂಡ ಫಾರಂನಲ್ಲಿ ಇದ್ದದ್ದು "ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್", ಅಂದರೆ ಕೆಲಸ ಹುಡುಕಲು ಸಹಾಯ ಅಷ್ಟೇ. ನಾನು ಅದನ್ನು ಓದಿದ್ದು ದುಡ್ಡು ಕಟ್ಟಿ ಮನೆಗೆ ಬಂದ ಮೇಲೆ.

ಪಾಠ ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಟೆಸ್ಟಿಂಗ್ ಹೇಳಿಕೊಟ್ಟ ಮೇಡಂ ಒಬ್ಬರಿಂದಲೇ ನನ್ನ ದುಡ್ಡು ವಾಪಸ್ ಬಂತು ಅಂತ ಇವತ್ತಿಗೂ ಅಂದುಕೊಳ್ಳುತ್ತೇನೆ. ಎರಡನೇ ವಾರ ಬೋರ್ಡಿನ ಮೇಲೆ ಒಂದು ಚೌಕ ಬರೆದು, "ಇದು ವಯಸ್ಸು ತುಂಬುವ ಜಾಗ, 18ರಿಂದ 60 ಮಾತ್ರ ತಗೋಬೇಕು. ಏನೇನು ಹಾಕಿ ನೋಡ್ತೀರಿ?" ಅಂತ ಕೇಳಿದರು. ಹುಡುಗರೆಲ್ಲ 25, 30, 45 ಅಂತ ಹೇಳುತ್ತಾ ಹೋದರು. ಮೇಡಂ ಎಲ್ಲವನ್ನೂ ಬರೆದುಕೊಂಡು ಆಮೇಲೆ ಒಂದೊಂದಾಗಿ ಒರೆಸಿದರು. ಉಳಿಸಿದ್ದು 17, 18, 19, 59, 60, 61. ತಪ್ಪು ಇರುವುದು ಅಂಚಿನಲ್ಲಿ ಅಂದರು. ಕೋಡ್ ಬರೆಯುವವರು "60ಕ್ಕಿಂತ ಕಡಿಮೆ" ಅಂತ ಬರೆದು "ಅಥವಾ ಸಮ" ಅನ್ನುವುದನ್ನು ಬಿಟ್ಟರೆ ಸಾಕು, 60 ವರ್ಷದವರು ಹೊರಗೆ ಉಳಿಯುತ್ತಾರೆ. 25, 30, 45 ಹಾಕಿ ನೋಡಿದವರಿಗೆ ಅದು ಜನ್ಮದಲ್ಲಿ ಸಿಗುವುದಿಲ್ಲ.

ನನಗೆ ಆ ಕ್ಷಣ ಮೈ ಜುಮ್ ಅಂತು. ಎಂಟು ವರ್ಷ ನಾನು ಮಾಡಿದ್ದು ಅದನ್ನೇ ಅಲ್ವಾ? 25 ಎಂಎಂ ಶಾಫ್ಟು, 0.02 ಆಚೆ ಈಚೆ. ಮೈಕ್ರೋಮೀಟರ್‌ನಲ್ಲಿ 24.98 ಬಂದರೆ ಪಾಸು, 24.97 ಬಂದರೆ ಕೆಂಪು ಟ್ರೇಗೆ. 25.02 ಪಾಸು, 25.03 ಮತ್ತೆ ಕೆಂಪು ಟ್ರೇ. ಮಧ್ಯದಲ್ಲಿ ಇರುವ ಪೀಸಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಜಗಳ ಎಲ್ಲಾ ಅಂಚಿನ ಪೀಸಿಗೇ. ಬ್ರೇಕಿನಲ್ಲಿ ಹೋಗಿ ಮೇಡಂಗೆ ಇದನ್ನು ಹೇಳಿದೆ. ಅವರು ಖುಷಿಯಾಗಿ, "ಇದನ್ನೇ ಇಂಟರ್‌ವ್ಯೂನಲ್ಲಿ ಹೇಳಿ, ಹಳೇ ಕೆಲಸವನ್ನು ರೆಸ್ಯೂಮೆಯಿಂದ ತೆಗೀಬೇಡಿ" ಅಂದರು. ಐದು ತಿಂಗಳಲ್ಲಿ ನನಗೆ ಸಿಕ್ಕ ಒಳ್ಳೆಯ ಸಲಹೆ ಇದೊಂದೇ ಅಂದರೂ ತಪ್ಪಿಲ್ಲ. ಅದನ್ನು ಹೇಳಿದ್ದು ಪ್ಲೇಸ್‌ಮೆಂಟ್ ವಿಭಾಗದವರಲ್ಲ, ಪಾಠ ಮಾಡುವವರು.

ಸೆಲೆನಿಯಂ ಪಾಠವೂ ಹಾಗೇ. ವೆಬ್ ಪುಟಗಳನ್ನು ಪ್ರೋಗ್ರಾಂ ಮೂಲಕ ತಾನಾಗೇ ಓಡಿಸಿ ಪರೀಕ್ಷಿಸುವ ಟೂಲ್ ಅದು. ವೆಬ್ ಪುಟದಲ್ಲಿ ಒಂದು ಬಟನ್ ಎಲ್ಲಿದೆ ಅಂತ ಪ್ರೋಗ್ರಾಂಗೆ ತಿಳಿಸಲು ಎಕ್ಸ್‌ಪಾಥ್ ಅಂತ ಬರೆಯಬೇಕು. ನಾವೆಲ್ಲ ಮೊದಮೊದಲು ಪುಟದ ಮೇಲಿನಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಉದ್ದಕ್ಕೆ ಬರೆಯುತ್ತಿದ್ದೆವು. ಮೇಡಂ ಹೇಳಿದ್ದು: "ಮೆಜೆಸ್ಟಿಕ್‌ನಿಂದ ಮೂರನೇ ಸಿಗ್ನಲ್, ಎಡಕ್ಕೆ ತಿರುಗಿ, ಎರಡನೇ ಕ್ರಾಸು, ನಾಲ್ಕನೇ ಮನೆ ಅಂತ ವಿಳಾಸ ಹೇಳಿದ ಹಾಗೆ ಇದು. ಮಧ್ಯದಲ್ಲಿ ಒಂದು ರಸ್ತೆ ಒನ್‌ವೇ ಆದರೆ ಮುಗೀತು. ಅದರ ಬದಲು ಗಣೇಶನ ಗುಡಿ ಪಕ್ಕ ನೀಲಿ ಗೇಟು ಅಂದರೆ ಎಲ್ಲಿಂದ ಬಂದವರಿಗೂ ಸಿಗುತ್ತೆ." ಪುಟದಲ್ಲಿ ಡೆವಲಪರ್ ಒಂದು ಹೊಸ ಡಬ್ಬಿ ಸೇರಿಸಿದರೂ ಉದ್ದದ ದಾರಿ ಮುರಿದು ಬೀಳುತ್ತದೆ, ಬಟನ್‌ನದೇ ಐಡಿ ಅಥವಾ ಹೆಸರು ಹಿಡಿದು ಬರೆದದ್ದು ನಿಲ್ಲುತ್ತದೆ. ಕ್ಲಾಸು ಇಂಗ್ಲಿಷ್‌ನಲ್ಲೇ ನಡೆಯುತ್ತಿತ್ತು, ಆದರೆ ಮುಗಿದ ಮೇಲೆ ಅರ್ಧ ಗಂಟೆ ನಿಂತು ಕನ್ನಡದಲ್ಲಿ ಮತ್ತೆ ಹೇಳಿಕೊಡುತ್ತಿದ್ದರು. ಹಳ್ಳಿ ಕಡೆಯ ಕನ್ನಡ ಮೀಡಿಯಂ ಹುಡುಗರು ನಾಲ್ಕೈದು ಜನ ಇದ್ದರು, ಅವರಿಗೆ ಇದರಿಂದ ಎಷ್ಟು ಧೈರ್ಯ ಬಂತು ಅನ್ನುವುದನ್ನು ಕಣ್ಣಾರೆ ನೋಡಿದ್ದೇನೆ.

ಪ್ರೋಗ್ರಾಂ ಬರೆಯುವ ಭಾಷೆ ಜಾವಾದ ಕ್ಲಾಸು ಸುಮಾರು. ಪರದೆ ಮೇಲೆ ಚುಕ್ಕಿ ಚಿಹ್ನೆಗಳ ಆಕಾರ ಮೂಡಿಸುವ ಸ್ಟಾರ್ ಪ್ಯಾಟರ್ನ್ ಹಾಕಿಸಿದ್ದೇ ಹಾಕಿಸಿದ್ದು, ಪ್ರಾಜೆಕ್ಟು ಅಂತ ಒಂದೂ ಮಾಡಿಸಲಿಲ್ಲ. ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ ಎಸ್‌ಕ್ಯೂಎಲ್ ಪರವಾಗಿಲ್ಲ, ಎರಡನೇ ಅತಿ ಜಾಸ್ತಿ ಸಂಬಳ ಯಾರದು ಅನ್ನುವ ಪ್ರಶ್ನೆ ಅಲ್ಲಿ ಕಲಿತದ್ದು ಎರಡು ಇಂಟರ್‌ವ್ಯೂನಲ್ಲಿ ಹಾಗೇ ಬಂತು. ಎಪಿಐ (ಎರಡು ಸಾಫ್ಟ್‌ವೇರ್‌ಗಳು ಪರಸ್ಪರ ಮಾತಾಡುವ ದಾರಿ) ಟೆಸ್ಟಿಂಗ್ ಒಂದೇ ದಿನದಲ್ಲಿ ಓಡಿಸಿಬಿಟ್ಟರು. ಅದಕ್ಕೆ ಬಳಸುವ ಪೋಸ್ಟ್‌ಮ್ಯಾನ್ ಟೂಲಿನ ಕಂಪನಿ ಹುಟ್ಟಿದ್ದು 2014ರಲ್ಲಿ ಇದೇ ಬೆಂಗಳೂರಿನಲ್ಲಿ, ಅದನ್ನಾದರೂ ಸರಿಯಾಗಿ ಕಲಿಸಬೇಕಿತ್ತು ಅಂತ ನನಗೆ ಬೇಸರ ಇದೆ. ಹಾಲ್‌ನಲ್ಲಿ ಅರವತ್ತು ಜನ, ಹಿಂದೆ ಕೂತವರಿಗೆ ಪರದೆ ಕಾಣುವುದಿಲ್ಲ.

ಈಗ ಪ್ಲೇಸ್‌ಮೆಂಟ್. ಕೋರ್ಸ್ ಮುಗಿದ ಮೇಲೆ ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸುತ್ತಾರೆ. ದಿನಾ ಒಂದೆರಡು ಡ್ರೈವ್, ಅಂದರೆ ಕಂಪನಿಗಳು ಕೆಲಸಕ್ಕೆ ಜನ ಆರಿಸುವ ಕರೆ, ಬರುತ್ತವೆ. ಮೊದಲ ವಾರ ಎಷ್ಟು ಆಸೆಯಿಂದ ಓದುತ್ತಿದ್ದೆ! ಆದರೆ ಹೆಚ್ಚುಕಡಿಮೆ ಪ್ರತಿಯೊಂದರಲ್ಲೂ ಎರಡು ಸಾಲು ಇರುತ್ತಿತ್ತು: ಇತ್ತೀಚಿನ ಎರಡು ವರ್ಷದ ಪಾಸ್‌ಔಟ್ ಮಾತ್ರ, ಹತ್ತನೇ ಕ್ಲಾಸಿನಿಂದ ಡಿಗ್ರಿವರೆಗೆ 60% ಥ್ರೂಔಟ್. ನಾನು 2017, ಪಿಯುಸಿಯಲ್ಲಿ 58%. ಮೂರು ತಿಂಗಳಲ್ಲಿ ನಾನು ಅರ್ಜಿ ಹಾಕಲು ಆಗಿದ್ದು ಎರಡೇ ಎರಡು ಡ್ರೈವ್‌ಗೆ. ಇದು ಅವರಿಗೆ ಮೊದಲ ದಿನವೇ ಗೊತ್ತಿತ್ತು, ನನ್ನ ಮಾರ್ಕ್ಸ್ ಕಾರ್ಡು ಅವರ ಹತ್ತಿರವೇ ಇತ್ತು. ಹೇಳಬಹುದಿತ್ತು, ಹೇಳಲಿಲ್ಲ. ಇದು ನನ್ನ ದೊಡ್ಡ ದೂರು. ನಿಮ್ಮದೂ ಹಳೇ ಪಾಸ್‌ಔಟ್ ಆಗಿದ್ದರೆ ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ನನ್ನಂಥವರಿಗೆ ಹೋದ ಮೂರು ತಿಂಗಳಲ್ಲಿ ಎಷ್ಟು ಡ್ರೈವ್ ಬಂದಿವೆ, ಗ್ರೂಪಿನ ಮೆಸೇಜ್ ತೋರಿಸಿ. ತೋರಿಸದಿದ್ದರೆ ಎದ್ದು ಬನ್ನಿ.

ಡ್ರೈವ್ ಇಲ್ಲ ಅಂತ ಗೊತ್ತಾದ ಮೇಲೆ ಒಬ್ಬರು ಪಕ್ಕಕ್ಕೆ ಕರೆದು, "ಮೂರು ವರ್ಷದ ಟೆಸ್ಟಿಂಗ್ ಎಕ್ಸ್‌ಪೀರಿಯನ್ಸ್ ಹಾಕಿಸಿಕೊಡ್ತೀವಿ, ಲೆಟರ್, ಪೇ ಸ್ಲಿಪ್ ಎಲ್ಲಾ ಬರುತ್ತೆ" ಅಂದರು. ದಯವಿಟ್ಟು ಈ ದಾರಿಗೆ ಹೋಗಬೇಡಿ. ಕಂಪನಿಗಳು ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡುವಾಗ ಪಿಎಫ್‌ನ ಯುಎಎನ್ ನಂಬರ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್) ಕೇಳುತ್ತವೆ. ಅದರ ಸರ್ವಿಸ್ ಹಿಸ್ಟರಿಯಲ್ಲಿ ಯಾವ ಕಂಪನಿ, ಯಾವಾಗ ಸೇರಿದ್ದು, ಯಾವಾಗ ಬಿಟ್ಟದ್ದು ಎಲ್ಲಾ ಇರುತ್ತದೆ. ನನ್ನದರಲ್ಲಿ ಪೀಣ್ಯದ ಎಂಟು ವರ್ಷ ತಿಂಗಳು ತಪ್ಪದೆ ಇದೆ, ಅದರ ಮೇಲೆ ಇನ್ನೊಂದು ಕಂಪನಿಯ ಸುಳ್ಳು ಲೆಟರ್ ಇಟ್ಟರೆ ಹೇಗಿರುತ್ತೆ ಯೋಚಿಸಿ. ನಮ್ಮ ಬ್ಯಾಚಿನ ಒಬ್ಬ ಹುಡುಗ ಹೀಗೆ ಸೇರಿ ಎರಡು ತಿಂಗಳಿಗೆ ಕೆಲಸ ಕಳೆದುಕೊಂಡ. ಅವನ ಅಪ್ಪ ಊರಲ್ಲಿ ಎಲ್ಲರಿಗೂ ಸಿಹಿ ಹಂಚಿದ್ದರು.

ನನಗೆ ಕೆಲಸ ಸಿಕ್ಕಿದ್ದು ಪೀಣ್ಯದ ಹಳೇ ಸಹೋದ್ಯೋಗಿಯಿಂದ. ಫ್ಯಾಕ್ಟರಿಗಳಿಗೆ ಸಾಫ್ಟ್‌ವೇರ್ ಮಾಡುವ ಒಂದು ಸಣ್ಣ ಕಂಪನಿಗೆ ಅವನು ಮೊದಲೇ ಸೇರಿದ್ದ, ನನ್ನ ರೆಸ್ಯೂಮೆ ಕೊಟ್ಟ. ಇಂಟರ್‌ವ್ಯೂನಲ್ಲಿ ಇನ್‌ಸ್ಪೆಕ್ಷನ್ ರಿಪೋರ್ಟ್ ತುಂಬುವ ಒಂದು ಸ್ಕ್ರೀನ್ ತೋರಿಸಿ ಟೆಸ್ಟ್ ಕೇಸ್, ಅಂದರೆ ಏನೇನು ಪರೀಕ್ಷಿಸಬೇಕು ಅನ್ನುವುದನ್ನು, ಬರೆಯಲು ಹೇಳಿದರು. ಆ ರಿಪೋರ್ಟನ್ನು ನಾನು ಎಂಟು ವರ್ಷ ಕೈಯಲ್ಲಿ ತುಂಬಿದ್ದೇನೆ. ಶಿಫ್ಟ್ ಮಧ್ಯದಲ್ಲಿ ಬದಲಾದರೆ ಯಾರ ಹೆಸರು ಬರುತ್ತೆ, ರಿಜೆಕ್ಟ್ ಆದ ಪೀಸನ್ನು ರೀವರ್ಕ್ ಮಾಡಿ ತಂದರೆ ಹಳೇ ಅಳತೆ ಉಳಿಯುತ್ತಾ ಅಂತೆಲ್ಲ ಕೇಳುತ್ತಾ ಹೋದೆ. ಅವರು ಸುಮ್ನೆ ಬರೆದುಕೊಳ್ಳುತ್ತಿದ್ದರು. ಸಂಬಳ ಮೊದಲಿಗಿಂತ ನಾಲ್ಕು ಸಾವಿರ ಕಡಿಮೆ, ಒಪ್ಪಿಕೊಂಡೆ. ಮನೆಯಲ್ಲಿ ಮೊದಲೇ ಕೂತು ಮಾತಾಡಿದ್ದೆವು, ಆರು ತಿಂಗಳ ಖರ್ಚು ಕೂಡಿಟ್ಟಿದ್ದೆವು. ಇಂಟರ್‌ವ್ಯೂ ಪಾಸಾಗುವವರೆಗೆ ಪೀಣ್ಯದ ಕೆಲಸ ಬಿಟ್ಟಿರಲಿಲ್ಲ. ನೀವೂ ಬಿಡಬೇಡಿ, ವೀಕೆಂಡ್ ಬ್ಯಾಚು ಇರುವುದೇ ಅದಕ್ಕೆ.

ಹಾಗಾದರೆ ಈ ಕೋರ್ಸಿಗೆ ದುಡ್ಡು ಕೊಡಬೇಕಾ? ಮನೆಯಲ್ಲಿ ಒಬ್ಬರೇ ಕೂತು ಕಲಿಯುವ ಅಭ್ಯಾಸ ಇದ್ದವರಿಗೆ ಬೇಕಿಲ್ಲ. ಜಾವಾ, ಸೆಲೆನಿಯಂ ಎರಡೂ ಉಚಿತ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಜಾವಾ ಪಾಠ ಕನ್ನಡದಲ್ಲೇ ಇದೆ, ದುಡ್ಡಿಲ್ಲದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ, ನನಗೂ ಫೀಸ್ ಕಟ್ಟಿದ ಮೇಲೆ ಗೊತ್ತಾಗಿದ್ದು. ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠದ ತಾಣದಲ್ಲಿ ಐಐಟಿ ಮತ್ತು ನಮ್ಮ ಐಐಎಸ್‌ಸಿ ಮೇಷ್ಟ್ರುಗಳ ಪಾಠ ಇದೆ, ಪರೀಕ್ಷೆ ಬರೆದರೆ ಮಾತ್ರ ಫೀಸು. ನನಗೆ ಮಾತ್ರ ಎದುರಿಗೆ ನಿಂತು ಕೇಳುವವರು ಬೇಕಿತ್ತು, ವಾರಕ್ಕೊಮ್ಮೆ ಹೋಗಲೇಬೇಕು ಅನ್ನುವ ಒತ್ತಡ ಬೇಕಿತ್ತು. ಅದಕ್ಕೆ ಕೊಟ್ಟ ದುಡ್ಡು ನನಗೆ ದಂಡ ಅನ್ನಿಸಿಲ್ಲ. ಐದರಲ್ಲಿ ಪಾಠಕ್ಕೆ ನಾಲ್ಕು ಸ್ಟಾರ್, ಪ್ಲೇಸ್‌ಮೆಂಟಿಗೆ ಒಂದು.

ಸೇರುವವರಿಗೆ ಇನ್ನೆರಡು ಮಾತು. ಎರಡು ದಿನ ಡೆಮೊ ಕ್ಲಾಸು ಉಚಿತವಾಗಿ ಕೂರಲು ಬಿಡುತ್ತಾರೆ, ಡೆಮೊ ಮಾಡಿದವರೇ ಪೂರ್ತಿ ಪಾಠ ಮಾಡುತ್ತಾರಾ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ. ದಾಸರಹಳ್ಳಿ ಕಡೆಯಿಂದ ಬರುವವರು ಮೆಟ್ರೋ ಹಸಿರು ಮಾರ್ಗದಲ್ಲಿ ಆರ್‌ವಿ ರೋಡ್‌ಗೆ ಬಂದು ಹಳದಿ ಹಿಡಿದರೆ ಬಿಟಿಎಂ ಲೇಔಟ್ ಸ್ಟೇಷನ್ನೇ ಇದೆ. 2025ರ ಆಗಸ್ಟ್‌ನಲ್ಲಿ ಆ ಮಾರ್ಗ ಶುರುವಾಗುವ ಮುಂಚೆ ನಾನು ಬಸ್ಸಿನಲ್ಲೇ ಎರಡು ಗಂಟೆ ಕಳೆಯುತ್ತಿದ್ದೆ. ಒಂಬತ್ತಕ್ಕೆ ಕ್ಲಾಸು ಅಂದರೆ ಎಂಟೂವರೆಗೇ ಹೋಗಿ, ಎಡಗಡೆ ಗೋಡೆ ಪಕ್ಕದ ಮೊದಲ ಮೂರು ಬೆಂಚು ಹಿಡಿಯಿರಿ. ಪರದೆ ಕಾಣುವುದೂ ಅಲ್ಲಿಂದಲೇ, ಲ್ಯಾಪ್‌ಟಾಪ್‌ಗೆ ಪ್ಲಗ್ ಪಾಯಿಂಟ್ ಇರುವುದೂ ಅಲ್ಲೇ.